ಹಗುರ ಸರಿ, ಏನನ್ನು ತೆಗೆದು ಹಗುರ ಮಾಡಿದ್ದಾರೆ?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೊಂದರಲ್ಲಿ ಇವತ್ತು ಸಂಜೆ ಕಂಡ ವ್ಯಾಪಾರದಿಂದ ಇನ್ನೂ ತಲೆ ಬಿಸಿಯಾಗಿದೆ. ಆಳಂದ ಕಡೆಯ ತಂದೆ, ಈ ವರ್ಷ ಎಂಜಿನಿಯರಿಂಗ್ ಸೇರುವ ಮಗಳು. ಸೇಲ್ಸ್ ಹುಡುಗ ಲ್ಯಾಪ್‌ಟಾಪನ್ನು ಎರಡು ಬೆರಳಲ್ಲಿ ಎತ್ತಿ, "ಒಂದ್ ಕೆಜಿ ಮುನ್ನೂರು ಗ್ರಾಂ ಅಷ್ಟೇ ನೋಡ್ರಿ, ಬ್ಯಾಗಿನ್ಯಾಗ ಅದನೋ ಇಲ್ಲೋ ಗೊತ್ತಾಗಂಗಿಲ್ಲ" ಅಂದ. ಮೇಲೊಂದು ಜೋಡಿ ಇಯರ್‌ಬಡ್ಸ್ ಉಚಿತ. ಬಿಲ್ಲು ಆಗಿಹೋಯಿತು. ಹುಡುಗಿ ಎಲ್ಲಿ ಕೂತು ಓದುತ್ತಾಳೆ, ಯಾವ ಸಾಫ್ಟ್‌ವೇರ್ ಹಾಕಬೇಕು, ರೂಮಿನ ಮೇಲೆ ತಗಡಿದೆಯೋ ಸ್ಲ್ಯಾಬ್ ಇದೆಯೋ, ಯಾರೂ ಕೇಳಲಿಲ್ಲ. ಗ್ರಾಂ ಲೆಕ್ಕ ಒಂದೇ.

ಯಾವ ಯಂತ್ರವೂ ತಾನಾಗಿ ಹಗುರ ಆಗುವುದಿಲ್ಲ ಸ್ವಾಮಿ. ಒಂದೋ ಮೆಗ್ನೀಸಿಯಂ ಮಿಶ್ರಲೋಹ, ಕಾರ್ಬನ್ ಫೈಬರ್‌ನಂಥ ದುಬಾರಿ ಕವಚ ಹಾಕಬೇಕು, ಇಲ್ಲವೇ ಒಳಗಿನಿಂದ ಏನಾದರೂ ತೆಗೆಯಬೇಕು. ಮೊದಲನೆಯದು ದುಬಾರಿ ಮಾಡೆಲ್‌ಗಳ ಮಾತು. ಕಡಿಮೆ ಬೆಲೆಯಲ್ಲಿ ಹಗುರ ಸಿಕ್ಕಿತೆಂದರೆ ಬಹುಪಾಲು ತೆಗೆದೇ ಹಗುರ ಮಾಡಿರುತ್ತಾರೆ. 2008ರಲ್ಲಿ ಮೊದಲ ಮ್ಯಾಕ್‌ಬುಕ್ ಏರ್ ಬಂದಾಗಲೂ ಹಾಗೇ ಇತ್ತು: 1.36 ಕೆಜಿ, ಒಂದೇ ಯುಎಸ್‌ಬಿ ಪೋರ್ಟ್, ಸಿಡಿ ಡ್ರೈವ್ ಇಲ್ಲ, ಲ್ಯಾನ್ ಪೋರ್ಟ್ ಇಲ್ಲ. ಆದರೆ ಏನಿಲ್ಲ ಅನ್ನುವುದು ಆಗ ಎಲ್ಲರಿಗೂ ಗೊತ್ತಿತ್ತು. ಈಗ ತೂಕ ಹೇಳುತ್ತಾರೆ, ತೆಗೆದದ್ದನ್ನು ಹೇಳುವುದಿಲ್ಲ. ನನ್ನ ಸಿಟ್ಟು ಇದೊಂದರ ಮೇಲೆ.

ಮೊದಲು ಕತ್ತರಿ ಬೀಳುವುದು ಬ್ಯಾಟರಿಗೆ. ಒಂದೇ ಅಳತೆಯ ಪರದೆಯಿದ್ದರೂ ಒಂದರಲ್ಲಿ 40 ವ್ಯಾಟ್ ಅವರ್ (ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ), ಇನ್ನೊಂದರಲ್ಲಿ 60 ಇರುತ್ತದೆ. ಬ್ರೌಸರ್, ವರ್ಡ್, ನಮ್ಮ ಕಡೆಯ ಬೆಳಕಿಗೆ ತಕ್ಕಷ್ಟು ಬ್ರೈಟ್‌ನೆಸ್ ಎಲ್ಲ ಸೇರಿ ಗಂಟೆಗೆ 8 ವ್ಯಾಟ್ ಅವರ್ ಎಳೆಯಿತು ಅನ್ನಿ. 40ನ್ನು 8ರಿಂದ ಭಾಗಿಸಿದರೆ ಐದು ಗಂಟೆ. ಡಬ್ಬಿಯ ಮೇಲಿನ ಹನ್ನೆರಡು ಗಂಟೆ ಬಹುಪಾಲು ಮಂದ ಬೆಳಕಿನಲ್ಲಿ ವಿಡಿಯೋ ಓಡಿಸಿ ಅಳೆದದ್ದು. ಹಾಗಾಗಿ ಗಂಟೆ ಕೇಳಬೇಡಿ, ವ್ಯಾಟ್ ಅವರ್ ಕೇಳಿ.

ಎರಡನೆಯ ಕತ್ತರಿ ಫ್ಯಾನಿಗೆ, ಚಿಪ್‌ನ ಬಿಸಿ ಸಾಗಿಸುವ ತಾಮ್ರದ ಹೀಟ್ ಪೈಪಿಗೆ. ಕಲಬುರಗಿಯವರಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ನಮ್ಮದು, ಮಹಡಿ ಮೇಲಿನ ರೂಮಿನ ಗೋಡೆ ರಾತ್ರಿ ಹತ್ತಾದರೂ ಕೈ ಇಟ್ಟರೆ ಬಿಸಿ. ಆಪಲ್ ತನ್ನ ಮ್ಯಾಕ್‌ಬುಕ್ ಏರ್‌ನ ವಿವರದಲ್ಲಿ ತಾನೇ ಬರೆದಿದೆ: ಬಳಸುವ ಜಾಗದ ಉಷ್ಣತೆ 10ರಿಂದ 35 ಡಿಗ್ರಿ ಇರಬೇಕು. 2020ರ ಎಂ1 ಮಾದರಿಯಿಂದ ಅದರಲ್ಲಿ ಫ್ಯಾನೇ ಇಲ್ಲ. ತೂಕ 1.29 ಕೆಜಿ, 13 ಇಂಚಿನ ಎಂ2ನಲ್ಲಿ 1.24. ಯಂತ್ರ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಿಪ್‌ನ ಬಿಸಿ ಹೊರಗೆ ಹೋಗುವುದು ಒಳಗಿನ ಮತ್ತು ಹೊರಗಿನ ಉಷ್ಣತೆಯ ಅಂತರದಿಂದ. ರೂಮು 25 ಇದ್ದಾಗಿನ ಅಂತರಕ್ಕಿಂತ 40 ಇದ್ದಾಗ ಹದಿನೈದು ಡಿಗ್ರಿ ಕಡಿಮೆ. ಅಷ್ಟರಮಟ್ಟಿಗೆ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ತೆಳು ಫ್ಯಾನಿನ ವಿಂಡೋಸ್ ಲ್ಯಾಪ್‌ಟಾಪ್‌ಗಳೂ ಇದಕ್ಕೆ ಹೊರತಲ್ಲ. ಕ್ಯಾಡ್ (ಕಂಪ್ಯೂಟರಿನಲ್ಲಿ ಎಂಜಿನಿಯರಿಂಗ್ ನಕ್ಷೆ), ವಿಡಿಯೋ ಎಡಿಟಿಂಗ್ ಮಾಡುವ ಮಕ್ಕಳಿಗೆ ಅಂಗಡಿಯ ಏಸಿಯಲ್ಲಿ ಕಂಡ ವೇಗ ಮನೆಯಲ್ಲಿ ಸಿಗುವುದಿಲ್ಲ.

ನಿಧಾನ ಆದರೆ ಹೇಗೋ ಸಹಿಸಬಹುದು. ಲಿಥಿಯಂ ಬ್ಯಾಟರಿಗೆ ಮಾತ್ರ ಸೆಕೆ ಮತ್ತು ಪೂರ್ತಿ ಚಾರ್ಜ್ ಎರಡೂ ಸೇರಿದರೆ ಆಯಸ್ಸು ಕಡಿಮೆ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜನ್ನು 80 ಪ್ರತಿಶತಕ್ಕೆ ನಿಲ್ಲಿಸುವ ಆಯ್ಕೆ ಕಂಪನಿಯ ಆ್ಯಪ್‌ನಲ್ಲೋ ಬಯಾಸ್‌ನಲ್ಲೋ (ಯಂತ್ರ ಶುರುವಾಗುವಾಗ ತೆರೆಯುವ ಸೆಟ್ಟಿಂಗ್) ಇದ್ದೇ ಇರುತ್ತದೆ. ಬೇಸಿಗೆ ಪೂರ್ತಿ ಅದನ್ನು ಹಾಕಿಡಿ. ಟಚ್‌ಪ್ಯಾಡ್ ಒತ್ತಲು ಗಟ್ಟಿಯಾಯಿತೇ? ಮುಚ್ಚಳ ಒಂದು ಕಡೆ ಸರಿಯಾಗಿ ಕೂರುತ್ತಿಲ್ಲವೇ? ತೆಳು ಯಂತ್ರಗಳಲ್ಲಿ ಬ್ಯಾಟರಿ ಅಂಗೈ ಇಡುವ ಜಾಗದ ಕೆಳಗೇ ಇರುತ್ತದೆ, ಅದು ಉಬ್ಬುತ್ತಿರಬಹುದು. ಅವತ್ತೇ ಬಂದ್ ಮಾಡಿ. ಒತ್ತಿ ಸರಿ ಮಾಡಲು, ಚುಚ್ಚಿ ಗಾಳಿ ತೆಗೆಯಲು ಯಾರೂ ಹೋಗಬೇಡಿ, ಬೆಂಕಿ ಹತ್ತುತ್ತದೆ. ಇನ್ನು ಏರ್ ಕೂಲರ್ ನೇರವಾಗಿ ಮುಖಕ್ಕೆ ಹೊಡೆಯುವಂತೆ ಇಟ್ಟುಕೊಂಡು ಮುಂದೆ ಲ್ಯಾಪ್‌ಟಾಪ್ ತೆರೆಯುವುದು ನಮ್ಮ ಮನೆಮನೆಯ ರೂಢಿ. ಕೂಲರ್‌ನಿಂದ ಸಿಡಿಯುವ ಹನಿ ನಮ್ಮ ಗಡಸು ನೀರಿನದು, ಪೋರ್ಟಿನಲ್ಲಿ ಒಣಗಿದರೆ ಉಪ್ಪು ಉಳಿಯುತ್ತದೆ. ಕೂಲರ್ ಪಕ್ಕಕ್ಕಿರಲಿ, ಎದುರಿಗೆ ಬೇಡ.

"ಮಕ್ಕಳು ಬಸ್ಸಿನಲ್ಲಿ ಹೊತ್ತುಕೊಂಡು ಓಡಾಡಬೇಕಲ್ರಿ, ಹಗುರ ಬೇಡವಾ?" ಅಂತ ಕೇಳುವವರಿದ್ದಾರೆ. 1.3 ಕೆಜಿಗೂ 1.6 ಕೆಜಿಗೂ ಇರುವ ಅಂತರ ಮುನ್ನೂರು ಗ್ರಾಂ. ನಮ್ಮ ಬಿಸಿಲಿನಲ್ಲಿ ಯಾವ ಮಗುವೂ ಲೀಟರ್ ನೀರಿನ ಬಾಟಲಿ ಇಲ್ಲದೆ ಹೊರಬೀಳುವುದಿಲ್ಲ, ಅದೇ ಒಂದು ಕೆಜಿ. ಮೂರನೇ ಒಂದು ಬಾಟಲಿ ನೀರಿನ ತೂಕಕ್ಕಾಗಿ ಬ್ಯಾಟರಿ, ತಂಪು, ರ‍್ಯಾಮ್ ಸ್ಲಾಟ್ (ಮುಂದೆ ಮೆಮೊರಿ ಹೆಚ್ಚಿಸಿಕೊಳ್ಳುವ ಜಾಗ) ಮೂರನ್ನೂ ಬಿಟ್ಟುಕೊಡುವುದು ನನಗಂತೂ ಒಪ್ಪಿತವಲ್ಲ. ಮೇಲಾಗಿ ಅಂಗಡಿಯವರ ಗ್ರಾಂನಲ್ಲಿ ಚಾರ್ಜರ್ ಸೇರಿರುವುದಿಲ್ಲ. ತೂಗುವುದಾದರೆ ಎರಡನ್ನೂ ಕೂಡಿಸಿ ತೂಗಿ.

ರ‍್ಯಾಮ್ ವಿಷಯ ಚಿಕ್ಕದು, ಆದರೆ ಮೋಸ ಹೋಗುವುದು ಸುಲಭ. "ಈಗ 8 ಜಿಬಿ ಸಾಕು, ಆಮೇಲೆ ಹಾಕಿಸಿಕೊಳ್ರಿ" ಅನ್ನುತ್ತಾರೆ. ಡೆಮೋ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ ಒತ್ತಿ. ಫಾರ್ಮ್ ಫ್ಯಾಕ್ಟರ್ ಎದುರು 'ರೋ ಆಫ್ ಚಿಪ್ಸ್' ಅಂತಿದ್ದರೆ ಅದು ಮದರ್‌ಬೋರ್ಡಿಗೆ ಬೆಸುಗೆ ಹಾಕಿದ ರ‍್ಯಾಮ್, ತೆಗೆಯಲಾಗದು. ಬೋರ್ಡಿನಲ್ಲಿ ಬೇರೆ ಖಾಲಿ ಸ್ಲಾಟ್ ಇಲ್ಲದಿದ್ದರೆ ಆಯಿತು, ಕೊನೆಯವರೆಗೂ 8 ಜಿಬಿಯೇ. ಎರಡೇ ಕ್ಲಿಕ್ಕಿನ ಕೆಲಸ, ಬಿಲ್ಲಿಗೆ ಮುಂಚೆ ಮಾಡಿ.

ಧೂಳಿನ ಕತೆಗೆ ಬರೋಣ. ತೊಗರಿ ರಾಶಿಯ ಹೊಟ್ಟು, ಶಹಾಬಾದ್ ಕಲ್ಲಿನ ಪಾಲಿಶ್ ಪುಡಿ, ಸೇಡಂ, ವಾಡಿ ಕಡೆಯ ಸಿಮೆಂಟ್ ಧೂಳು, ಎಲ್ಲವೂ ನಮ್ಮ ಗಾಳಿಯಲ್ಲಿದೆ. ದಪ್ಪ ಲ್ಯಾಪ್‌ಟಾಪ್‌ನ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ಬಾಚಣಿಗೆಯಂಥ ಭಾಗ) ಹಲ್ಲುಗಳ ಸಂದು ಸಾಮಾನ್ಯವಾಗಿ ಅಗಲ. ತೆಳುವಿನಲ್ಲಿ ಸಂದು ಕಿರಿದು, ಧೂಳು ಪದರವಾಗಿ ಕೂತರೆ ಫ್ಯಾನ್ ತಿರುಗುತ್ತಿದ್ದರೂ ಗಾಳಿ ಹೊರಗೆ ಬರುವುದಿಲ್ಲ. ನಮ್ಮಲ್ಲಿ ವರ್ಷಕ್ಕೊಮ್ಮೆ ಬಿಚ್ಚಿ ಸ್ವಚ್ಛ ಮಾಡಲೇಬೇಕು, ತೊಗರಿ ರಾಶಿ ಮುಗಿದು ಬೇಸಿಗೆ ಶುರುವಾಗುವ ಮುಂಚೆ ಆದರೆ ಒಳ್ಳೆಯದು. ವಾರಂಟಿ ಇದ್ದರೆ ಮೊದಲು ಷರತ್ತು ಓದಿ. ಆಮೇಲೆ ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ತಳದ ಸ್ಕ್ರೂಗಳಿಗೆ ಸಾಮಾನ್ಯವಾಗಿ ಚಿಕ್ಕ ಫಿಲಿಪ್ಸ್ ಅಥವಾ ಟಿ5 ಟಾರ್ಕ್ಸ್ ಬೇಕು. ಒಂದೆರಡು ಸ್ಕ್ರೂ ರಬ್ಬರ್ ಕಾಲಿನ ಕೆಳಗೆ ಅಡಗಿರುತ್ತವೆ, ಅದು ಗೊತ್ತಿಲ್ಲದೆ ಎಳೆದೇ ಎಷ್ಟೋ ತಳಗಳು ಸೀಳಿವೆ. ಎಲ್ಲಾ ಸ್ಕ್ರೂಗಳೂ ಒಂದೇ ಉದ್ದ ಇರುವುದಿಲ್ಲ. ಕಾಗದದ ಮೇಲೆ ತಳದ ಚಿತ್ರ ಬರೆದು, ಯಾವುದು ಎಲ್ಲಿಯದೋ ಅಲ್ಲೇ ಚುಚ್ಚಿಡಿ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಮೇಲಿನ ಕವಚಕ್ಕೆ ತೂತು. ಕ್ಲಿಪ್ ಬಿಡಿಸಲು ಹಳೆಯ ಪ್ಲಾಸ್ಟಿಕ್ ಕಾರ್ಡ್ ಸಾಕು, ಲೋಹದ ಚಾಕು ಬೇಡ.

ತಳ ತೆಗೆದ ಮೇಲೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು. ನಂತರ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲೋ ಕಡ್ಡಿಯಲ್ಲೋ ಹಿಡಿದು ನಿಲ್ಲಿಸಿ ಊದಿ. ಹಿಡಿಯದೆ ಬ್ಲೋವರ್ ಹೊಡೆದರೆ ಫ್ಯಾನ್ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ, ಆಮೇಲೆ ಜೀವಮಾನ ಪೂರ್ತಿ ಕಿರ್ ಅನ್ನುತ್ತದೆ. ಹಲ್ಲುಗಳಲ್ಲಿ ಕೂತ ಧೂಳಿನ ಪದರವನ್ನು ಮೃದು ಬ್ರಷ್‌ನಿಂದ ಎಬ್ಬಿಸಿ ಹೊರಗೆ ಎಳೆಯಿರಿ, ಒಳಕ್ಕೆ ತಳ್ಳಬೇಡಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ, ಅದರ ಮೂತಿಯಲ್ಲಿ ಹುಟ್ಟುವ ಸ್ಥಿರ ವಿದ್ಯುತ್ ಚಿಪ್‌ಗಳಿಗೆ ಅಪಾಯ. ದಿನದ ಬಳಕೆಯಲ್ಲಿ ಹಾಸಿಗೆ ಮೇಲೆ ಇಡಬೇಡಿ, ತಳದ ಕಿಂಡಿ ಮುಚ್ಚುತ್ತದೆ. ಹಿಂಬದಿ ಒಂದಿಂಚು ಎತ್ತಿದರೂ ಫ್ಯಾನಿನ ಸದ್ದು ಇಳಿಯುವುದು ಕಿವಿಗೇ ಗೊತ್ತಾಗುತ್ತದೆ.

ಇನ್ನು ಆ ಉಚಿತ ಇಯರ್‌ಬಡ್ಸ್. ಇಲ್ಲೂ ಅದೇ ಪ್ರಶ್ನೆ, ಏನು ತೆಗೆದರು? ವೈರ್ ತೆಗೆದರು, ಅದರ ಜೊತೆಗೆ ಬಾಯಿಯ ಹತ್ತಿರವಿದ್ದ ಮೈಕನ್ನೂ ತೆಗೆದರು. ಆನ್‌ಲೈನ್ ಇಂಟರ್‌ವ್ಯೂನಲ್ಲಿ "ನಿಮ್ಮ ಮಾತು ಸ್ಪಷ್ಟ ಕೇಳುತ್ತಿಲ್ಲ" ಅನ್ನಿಸಿಕೊಳ್ಳುವ ನಮ್ಮ ಹುಡುಗರು ಅದು ತಮ್ಮ ಇಂಗ್ಲಿಷಿನ ತಪ್ಪು ಅಂತ ಕುಗ್ಗುತ್ತಾರೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೆ. ಎಷ್ಟೋ ಸಲ ತಪ್ಪು ಬ್ಲೂಟೂತ್‌ನದು. ಹಾಡು ಕೇಳುವಾಗ ಅದು ಎಟುಡಿಪಿ ಎಂಬ ದಾರಿ ಹಿಡಿಯುತ್ತದೆ: ಸ್ಟೀರಿಯೋ, ಒಂದೇ ದಿಕ್ಕು. ಮೈಕ್ ಆನ್ ಆದ ಕೂಡಲೇ ಎಚ್‌ಎಫ್‌ಪಿಗೆ ಇಳಿಯುತ್ತದೆ: ಎರಡೂ ದಿಕ್ಕು, ಆದರೆ ಮೋನೋ, ಸಾಮಾನ್ಯವಾಗಿ ಸೆಕೆಂಡಿಗೆ 8 ಸಾವಿರ ಇಲ್ಲವೇ 16 ಸಾವಿರ ಸ್ಯಾಂಪಲ್, ಅಂದರೆ ಸದ್ದನ್ನು ಅಷ್ಟು ಸಲ ಅಳೆಯುತ್ತದೆ. ಸಿಡಿಯಲ್ಲಿ ಇದು 44,100. ಸ, ಶ, ಫ ಧ್ವನಿಗಳ ಚೂಪು 8 ಸಾವಿರದಲ್ಲಿ ಉಳಿಯುವುದೇ ಇಲ್ಲ. ಎಲ್‌ಇ ಆಡಿಯೋ ಎಂಬ ಹೊಸ ದಾರಿ ಇದನ್ನು ಸರಿಪಡಿಸುತ್ತದೆ, ಆದರೆ ಬಡ್ಸ್ ಮತ್ತು ಲ್ಯಾಪ್‌ಟಾಪ್ ಎರಡಕ್ಕೂ ಅದು ಬರಬೇಕು.

ಖರ್ಚಿಲ್ಲದ ಪರಿಹಾರ ಇದೆ. ಝೂಮ್ ಅಥವಾ ಮೀಟ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ ಸ್ಪೀಕರ್ ಜಾಗಕ್ಕೆ ಬಡ್ಸ್ ಇರಲಿ, ಮೈಕ್ರೊಫೋನ್ ಜಾಗಕ್ಕೆ ಲ್ಯಾಪ್‌ಟಾಪಿನದೇ ಮೈಕ್ ಆರಿಸಿ. ಬಡ್ಸ್‌ನ ಮೈಕ್ ಎಚ್ಚರಗೊಳ್ಳದಿದ್ದರೆ ಸ್ಟೀರಿಯೋ ಹಾಗೇ ಉಳಿಯುತ್ತದೆ, ನಿಮ್ಮ ದನಿಯೂ ಬ್ಲೂಟೂತ್ ಹಾದುಹೋಗಬೇಕಿಲ್ಲ. ಇನ್ನೂ ಒಳ್ಳೆಯದು ವೈರಿನ ಇಯರ್‌ಫೋನ್. ಅದರ ಪಿನ್ನಿನಲ್ಲಿ ಮೂರು ಕಪ್ಪು ಉಂಗುರ, ನಾಲ್ಕು ಲೋಹದ ಭಾಗ ಇರಬೇಕು. ಎರಡೇ ಉಂಗುರ ಇದ್ದರೆ ಅದರಲ್ಲಿ ಮೈಕ್ ಇಲ್ಲ. ಫೋನಿಗೆ 3.5 ಎಂಎಂ ತೂತೇ ಇಲ್ಲದಿದ್ದರೆ ಟೈಪ್ ಸಿ ಡಾಂಗಲ್ ಬೇಕು, ಕೊಳ್ಳುವಾಗ ಡ್ಯಾಕ್ ಚಿಪ್ (ಡಿಜಿಟಲ್ ಸಂಕೇತವನ್ನು ಸದ್ದಿಗೆ ಬದಲಿಸುವ ಚಿಪ್) ಇರುವುದೇ ಕೊಡಿ ಅನ್ನಿ. ಬರೀ ತಂತಿ ಜೋಡಿಸಿದ ಅಗ್ಗದ ಡಾಂಗಲ್ ಎಷ್ಟೋ ಫೋನುಗಳಲ್ಲಿ ಮಾತೇ ಆಡುವುದಿಲ್ಲ. ವೈರ್ ಹಳೆಯ ಫ್ಯಾಷನ್ ಅನ್ನುವವರು ಅನ್ನಲಿ, ಕೆಲಸ ಸಿಗುವವರೆಗೆ ವೈರ್ ಇರಲಿ.

ಡಬ್ಬಿ ಮೇಲಿನ ಐಪಿಎಕ್ಸ್4 ತೋರಿಸಿ "ಧೂಳು, ನೀರು ಏನೂ ಆಗಂಗಿಲ್ಲ" ಅನ್ನುತ್ತಾರೆ. 4 ಅಂದರೆ ನೀರಿನ ಸಿಡಿತ ತಡೆಯುತ್ತದೆ. ಧೂಳಿನ ಅಂಕಿ ಇರಬೇಕಾದ ಜಾಗದಲ್ಲಿ ಎಕ್ಸ್ ಇದೆ, ಅಂದರೆ ಧೂಳಿಗೆ ಪರೀಕ್ಷೆಯ ಅಂಕಿ ಕೊಟ್ಟೇ ಇಲ್ಲ. ನಮ್ಮ ಊರಿಗೆ ಬೇಕಾದದ್ದು ಐಪಿ54 ಅಥವಾ ಅದಕ್ಕಿಂತ ಮೇಲಿನದು. ಒಂದು ಕಡೆಯ ಬಡ್ ಸದ್ದು ಕಡಿಮೆಯಾದರೆ ತಕ್ಷಣ ಹೊಸದು ಕೊಳ್ಳಬೇಡಿ. ಜಾಲರಿಯಲ್ಲಿ ಕಿವಿಯ ಗುಗ್ಗೆ, ಧೂಳು ಸೇರಿ ಗಟ್ಟಿಯಾಗಿರುತ್ತದೆ. ರಬ್ಬರ್ ಟಿಪ್ ತೆಗೆದು, ಜಾಲರಿ ಕೆಳಮುಖವಾಗಿ ಹಿಡಿದು, ಒಣ ಮೃದು ಟೂತ್‌ಬ್ರಷ್‌ನಿಂದ ಉಜ್ಜಿ. ಪಿನ್ನು ಬೇಡ, ಜಾಲರಿ ಹರಿಯುತ್ತದೆ. ಒಂದು ಬಡ್ ಚಾರ್ಜ್ ಆಗದಿದ್ದರೆ ಡಬ್ಬಿಯೊಳಗಿನ ಚಿನ್ನದ ಬಣ್ಣದ ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ, ಬೆವರಿನ ಪೊರೆ ಹೋಗುತ್ತದೆ.

ಎಎನ್‌ಸಿ, ಇಎನ್‌ಸಿ ಎರಡನ್ನೂ ಅಂಗಡಿಗಳಲ್ಲಿ ಒಂದೇ ಎಂಬಂತೆ ಮಾರುತ್ತಾರೆ. ಎಎನ್‌ಸಿ ನಿಮ್ಮ ಕಿವಿಗೆ ಬರುವ ಗದ್ದಲ ತಗ್ಗಿಸುತ್ತದೆ, ಕೂಲರ್‌ನ ಗುಂಯ್ ಸದ್ದು, ಬೀದರ್ ಬಸ್ಸಿನ ಎಂಜಿನ್‌ನಂಥ ಒಂದೇ ಸಮನೆಯ ಸದ್ದಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಪಕ್ಕದವರ ಮಾತಿಗೆ ಅಷ್ಟಾಗಿ ಅಲ್ಲ. ಇಎನ್‌ಸಿ ಆಚೆ ಕಡೆಯವರಿಗೆ ನಿಮ್ಮ ಸುತ್ತಲಿನ ಗದ್ದಲ ಕಡಿಮೆ ಕೇಳಿಸುವುದಕ್ಕೆ. ಬಸ್ಸಿನ ಸದ್ದು ಮೀರಿಸಲು ವಾಲ್ಯೂಮ್ ಏರಿಸುವ ಮಕ್ಕಳ ತಂದೆತಾಯಿ ಗಮನಿಸಿ: ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು ಏರಿದಷ್ಟೂ ಗಂಟೆ ಬೇಗ ಇಳಿಯುತ್ತದೆ. ಕಿವಿಗೆ ಸರಿಯಾಗಿ ಕೂರುವ ಟಿಪ್ ಹಾಕಿದರೆ ಹೊರಗಿನ ಸದ್ದು ತಗ್ಗಿ ಕಡಿಮೆ ವಾಲ್ಯೂಮೇ ಸಾಕಾಗುತ್ತದೆ. ಡಬ್ಬಿಯಲ್ಲಿ ಬರುವ ಬೇರೆ ಅಳತೆಯ ಟಿಪ್‌ಗಳನ್ನು ಎಸೆಯಬೇಡಿ.

ವಾರಂಟಿ ಕೇಳುವಾಗ ಎಷ್ಟು ವರ್ಷ ಅನ್ನುವುದರ ಜೊತೆಗೆ ಆನ್‌ಸೈಟೋ (ಅವರೇ ಮನೆಗೆ ಬರುವುದು) ಕ್ಯಾರಿ ಇನ್ನೋ (ನಾವೇ ಸರ್ವಿಸ್ ಸೆಂಟರಿಗೆ ಒಯ್ಯುವುದು) ಕೇಳಿ. ಆನ್‌ಸೈಟ್ ಆದರೆ ನಿಮ್ಮ ಪಿನ್‌ಕೋಡ್‌ಗೆ ಬರುತ್ತದೆಯೇ ಅಂತ ಕಂಪನಿಯ ಸಹಾಯವಾಣಿಗೇ ಫೋನ್ ಮಾಡಿ, ಅಂಗಡಿಯವರ ಮಾತು ಸಾಲದು. ಯಾದಗಿರಿ, ಸುರಪುರ, ಔರಾದ್ ಕಡೆಯವರು ಇದನ್ನು ತಪ್ಪಿಸಲೇಬೇಡಿ.

ಯಾರಾದರೂ ಕೊಳ್ಳುವವರಿದ್ದರೆ ಕಮೆಂಟಿನಲ್ಲಿ ಮಾಡೆಲ್ ಹಾಕಿ, ನೋಡಿ ಹೇಳುತ್ತೇನೆ. ಹೆಸರಷ್ಟೇ ಬೇಡ, ಡಬ್ಬಿಯ ಸ್ಟಿಕ್ಕರ್ ಮೇಲಿನ ಪೂರ್ತಿ ಸಂಖ್ಯೆ ಬೇಕು, ಕೊನೆಯ ಅಕ್ಷರಗಳ ಸಮೇತ. ಒಂದೇ ಹೆಸರಿನಡಿ ಬೇರೆ ಬೇರೆ ಬ್ಯಾಟರಿ, ಬೇರೆ ಬೇರೆ ರ‍್ಯಾಮ್ ಇರುವುದು ಆ ಕೊನೆಯ ಅಕ್ಷರಗಳಲ್ಲೇ ಗೊತ್ತಾಗುತ್ತದೆ.