ಬಜರ್ ಒತ್ತಿದ ಮೇಲೆ

ಟಿ.ವಿ.ಯ ರಸಪ್ರಶ್ನೆ ಕಾರ್ಯಕ್ರಮವನ್ನು ಮನೆಯಲ್ಲಿ ಕುಳಿತು ನೋಡುವವರು ಯಾರೂ ಸೋತ ದಾಖಲೆಯಿಲ್ಲ. ಸೋಫಾದ ಮೇಲೆ ಕಾಲು ಚಾಚಿಕೊಂಡವರಿಗೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೊಳೆದುಬಿಡುತ್ತದೆ. ಹೊಳೆಯದಿದ್ದರೆ, ಪರದೆಯ ಮೇಲೆ ಸರಿಯುತ್ತರ ಕಾಣಿಸಿದ ಮರುಕ್ಷಣವೇ ‘ಅದೇ, ನಾನೂ ಅದನ್ನೇ ಅಂದುಕೊಂಡಿದ್ದೆ’ ಎಂಬ ಮಾತು ಹೊರಡುತ್ತದೆ, ಮತ್ತು ಆ ಮಾತಿಗೆ ಅಂಕ ಕಳೆಯುವ ತೀರ್ಪುಗಾರರು ಮನೆಯಲ್ಲಿ ಇರುವುದಿಲ್ಲ. ಹೀಗೆ ವರ್ಷಗಟ್ಟಲೆ ಗೆಲ್ಲುತ್ತ ಬಂದವನೊಬ್ಬ ಒಂದು ದಿನ ಸ್ಟುಡಿಯೋದ ದೀಪಗಳ ಕೆಳಗೆ ಹೋಗಿ ಕುಳಿತರೆ ಏನಾಗುತ್ತದೆಂಬುದನ್ನು ನಾನು ಕಂಡಿದ್ದೇನೆ. ತಿಳಿದಿರುವ ಸಂಗತಿಗಳಿಗಿಂತ, ‘ಇದು ನನಗೆ ತಿಳಿದಿದೆ’ ಎಂಬ ನಂಬಿಕೆಯೇ ಅಲ್ಲಿ ಹೆಚ್ಚು ಕಠಿಣವಾದ ಪರೀಕ್ಷೆಗೆ ಒಳಗಾಗುತ್ತದೆ.

ಪರೀಕ್ಷೆ ಶುರುವಾಗುವುದು ಕಾಯುವ ಕೋಣೆಯಿಂದಲೇ. ಇಂಥ ಕಾರ್ಯಕ್ರಮಗಳನ್ನು ಸಾಮಾನ್ಯವಾಗಿ ದಿನಕ್ಕೊಂದರಂತೆ ಚಿತ್ರೀಕರಿಸುವುದಿಲ್ಲ. ಅಮೆರಿಕದಲ್ಲಿ 1964ರಲ್ಲಿ ಆರಂಭವಾದ ‘ಜೆಪರ್ಡಿ’ಯಲ್ಲಿ ಒಂದು ವಾರಕ್ಕೆ ಬೇಕಾದ ಐದು ಕಂತುಗಳನ್ನು ಒಂದೇ ದಿನ ಮುಗಿಸುವ ರೂಢಿಯಿದೆ, ಆದ್ದರಿಂದ ಗೆದ್ದವರು ಅವಸರದಲ್ಲಿ ಬೇರೆ ಬಟ್ಟೆ ತೊಟ್ಟು ಬಂದು, ಅರ್ಧ ಗಂಟೆಯ ಹಿಂದಿನ ತಮ್ಮ ಗೆಲುವನ್ನು ನಿನ್ನೆಯ ಗೆಲುವೆಂಬಂತೆ ಧರಿಸಿ ನಿಲ್ಲಬೇಕು. ಬಟ್ಟೆಯ ವಿಷಯದಲ್ಲಿಯೂ ನಿಯಮಗಳುಂಟು: ಕಿರಿದಾದ ಪಟ್ಟೆಯ, ಸಣ್ಣ ಚೌಕಳಿಯ ಅಂಗಿಗಳು ಕ್ಯಾಮೆರಾದಲ್ಲಿ ಅಲೆಯಲೆಯಾಗಿ ಕದಲುತ್ತವಾದ್ದರಿಂದ ಅವುಗಳಿಗೆ ಪ್ರವೇಶವಿಲ್ಲ. ಮೊಬೈಲುಗಳನ್ನು ಮೊದಲೇ ಸಂಗ್ರಹಿಸಿ ಇಟ್ಟುಕೊಂಡಿರುತ್ತಾರೆ. ಹೀಗೆ ಯಂತ್ರದ ಆಸರೆ ತಪ್ಪಿದ ಸ್ಪರ್ಧಿಗಳು ಮೇಕಪ್ಪಿನ ಕುರ್ಚಿಗೆ ಕರೆ ಬರುವವರೆಗೆ ಒಬ್ಬರನ್ನೊಬ್ಬರು ಪರೀಕ್ಷಿಸಿಕೊಳ್ಳುತ್ತಾರೆ. ಒಬ್ಬರು ದೇಶಗಳ ರಾಜಧಾನಿಗಳನ್ನು ಒಪ್ಪಿಸುತ್ತಿರುತ್ತಾರೆ, ಇನ್ನೊಬ್ಬರಿಗೆ ನೊಬೆಲ್ ಪಟ್ಟಿಯಲ್ಲಿ ಒಂದು ವರ್ಷ ಮಾತ್ರ ಸಿಕ್ಕದೆ ಚಡಪಡಿಕೆ. ಇವರಾರೂ ನಿಜವಾದ ಭಯ ಹುಟ್ಟಿಸುವುದಿಲ್ಲ. ಮೂಲೆಯಲ್ಲಿ ಕುಳಿತು ಏನನ್ನೂ ಓದದೆ, ಯಾರನ್ನೂ ಕೇಳದೆ, ಸುಮ್ಮನೆ ಮುಗುಳ್ನಗುತ್ತಿರುವ ವ್ಯಕ್ತಿಯೊಬ್ಬರಿರುತ್ತಾರಲ್ಲ, ಉಳಿದವರ ಅರ್ಧ ಆತ್ಮವಿಶ್ವಾಸವನ್ನು ಅವರೇ ಕಸಿದುಕೊಳ್ಳುತ್ತಾರೆ.

ಬಜರ್ ಇರುವ ಸ್ಪರ್ಧೆಗಳಲ್ಲಿ ತಲೆಗಿಂತ ಮೊದಲು ಬೆರಳಿನ ಪರೀಕ್ಷೆ ನಡೆಯುತ್ತದೆ. ‘ಜೆಪರ್ಡಿ’ಯಲ್ಲಿ (ಅಲ್ಲಿ ಪ್ರಶ್ನೆಯನ್ನು ಉತ್ತರದಂತೆ ಓದುತ್ತಾರೆ, ಸ್ಪರ್ಧಿ ಉತ್ತರವನ್ನು ಪ್ರಶ್ನೆಯಂತೆ ಹೇಳಬೇಕು; ಈ ತಲೆಕೆಳಗು ಏಕೆ ಬೇಕಿತ್ತೆಂದು ನನಗೆ ಈಗಲೂ ಒಪ್ಪಿಗೆಯಾಗಿಲ್ಲ) ನಿರೂಪಕರು ಕೊನೆಯ ಪದವನ್ನು ಉಚ್ಚರಿಸಿ ಮುಗಿಸುವವರೆಗೆ ಬಜರಿಗೆ ಜೀವವೇ ಇರುವುದಿಲ್ಲ. ಓದು ಮುಗಿದೊಡನೆ ಸಿಬ್ಬಂದಿಯೊಬ್ಬರು ಅದಕ್ಕೆ ಚಾಲನೆ ಕೊಡುತ್ತಾರೆ, ಫಲಕದ ಪಕ್ಕದಲ್ಲಿ ದೀಪಗಳು ಹೊತ್ತಿಕೊಳ್ಳುತ್ತವೆ. ಅದಕ್ಕೆ ಮೊದಲೇ ಆತುರದಿಂದ ಒತ್ತಿದವರ ಬಜರ್ ಕಾಲು ಸೆಕೆಂಡು ಮೂಕವಾಗುತ್ತದೆ. ಕಾಲು ಸೆಕೆಂಡು ಎಂದರೆ ಮನೆಯಲ್ಲಿ ಯಾರ ಲೆಕ್ಕಕ್ಕೂ ಬಾರದ ಕಾಲ, ಆದರೆ ಅಲ್ಲಿ ಅಷ್ಟರೊಳಗೆ ಪಕ್ಕದವರು ಉತ್ತರ ಹೇಳಲು ಬಾಯಿ ತೆರೆದಿರುತ್ತಾರೆ. 2004ರಲ್ಲಿ ಸತತವಾಗಿ 74 ಆಟಗಳನ್ನು ಗೆದ್ದ ಕೆನ್ ಜೆನ್ನಿಂಗ್ಸ್ ಅವರಿಗೆ ಎದುರಾಗಿ ನಿಂತವರೆಲ್ಲ ಅಜ್ಞಾನಿಗಳೇನೂ ಆಗಿರಲಿಲ್ಲ. ಅವರಲ್ಲಿ ಅನೇಕರಿಗೆ ಉತ್ತರ ಗೊತ್ತಿದ್ದಿರಲೇಬೇಕು. ಹೇಳುವ ಸರದಿ ಅವರಿಗೆ ಸಿಗಲಿಲ್ಲ. ಕೊನೆಗೆ ಆತ ಸೋತದ್ದಾದರೂ ಎಂಥ ಪ್ರಶ್ನೆಗೆ? ಜನರ ತೆರಿಗೆ ಲೆಕ್ಕವನ್ನು ಸಿದ್ಧಪಡಿಸಿಕೊಡುವ ಕಂಪನಿಯ ಹೆಸರು ಬರೆಯಬೇಕಾದಲ್ಲಿ ಕೊರಿಯರ್ ಕಂಪನಿಯ ಹೆಸರು ಬರೆದಿದ್ದರು. ಅಷ್ಟೊಂದು ರಾಜರನ್ನೂ ನದಿಗಳನ್ನೂ ದಾಟಿ ಬಂದವರು ತೆರಿಗೆಯಲ್ಲಿ ಎಡವಿದರು.

ಬಜರಿನ ಬಗ್ಗೆ ನನಗೆ ಅತ್ಯಂತ ವಿಚಿತ್ರವಾಗಿ ಕಂಡದ್ದು ಬೇರೆ. ಚುರುಕಾದ ಸ್ಪರ್ಧಿಗಳು ಉತ್ತರ ನೆನಪಾದ ಮೇಲೆ ಗುಂಡಿ ಒತ್ತುವುದಿಲ್ಲ. ನೆನಪಾಗುತ್ತದೆ ಎಂಬ ಧೈರ್ಯದ ಮೇಲೆ ಒತ್ತಿ, ನಂತರ ಸಿಗುವ ಕೆಲವೇ ಸೆಕೆಂಡುಗಳಲ್ಲಿ ಉತ್ತರವನ್ನು ಹುಡುಕಿಕೊಳ್ಳುತ್ತಾರೆ. ಒಳಗೆ ಏನಿದೆಯೆಂದು ಕಾಣುವ ಮೊದಲೇ ‘ಇದೆ’ ಎಂದು ಸಾಕ್ಷಿ ಹೇಳುವ ಅಂಗವೊಂದು ನಮ್ಮೊಳಗಿದೆ ಎಂದಾಯಿತು. ಇದು ಬರಿಯ ಭಂಡಧೈರ್ಯವಲ್ಲವೆಂಬುದಕ್ಕೆ ಆಧಾರವೂ ಇದೆ. ಲಿನ್ ರೀಡರ್ ಎಂಬ ಮನೋವಿಜ್ಞಾನಿ 1987ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಟಿ.ವಿ. ಸ್ಪರ್ಧೆಯ ಮಾದರಿಯಲ್ಲಿಯೇ ಕೆಲವರಿಗೆ ಪ್ರಶ್ನೆಗಳಿಗೆ ಉತ್ತರಿಸುವಂತೆಯೂ ಇನ್ನು ಕೆಲವರಿಗೆ ಉತ್ತರಿಸಬಲ್ಲೆವೇ ಎಂದಷ್ಟೇ ಅಂದಾಜು ಮಾಡುವಂತೆಯೂ ಹೇಳಲಾಗಿತ್ತು. ಅಂದಾಜು ಮಾಡುವವರು ಉತ್ತರಿಸುವವರಿಗಿಂತ ಬೇಗ ಮುಗಿಸಿದರು.

ಆದರೆ ಆ ಸಾಕ್ಷಿಯನ್ನು ನಂಬಿ ಗುಂಡಿ ಒತ್ತಿದ ಮೇಲೆ ಉತ್ತರ ಬಾರದೆ ಹೋಗುವುದೂ ಉಂಟು, ಮತ್ತು ಆ ಕೆಲವು ಸೆಕೆಂಡುಗಳ ಯಾತನೆಯನ್ನು ಅನುಭವಿಸಿದವರೇ ಬಲ್ಲರು. ಪರಿಚಿತ ಹೆಸರು ಬಾಗಿಲಲ್ಲಿ ನಿಂತು ಒಳಗೆ ಬಾರದೆ ಸತಾಯಿಸುವ ನೆಂಟನಂತೆ ಆಡತೊಡಗುತ್ತದೆ. 1966ರಲ್ಲಿ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ ಎಂಬ ಮನೋವಿಜ್ಞಾನಿಗಳು ಇದನ್ನು ಪ್ರಯೋಗಕ್ಕೆ ಒಳಪಡಿಸಿ, ಅಪರೂಪದ ಪದಗಳ ಅರ್ಥವನ್ನು ಓದಿ ಹೇಳಿ ಪದವನ್ನು ಕೇಳಿದಾಗ, ಪದ ನಾಲಿಗೆಯ ತುದಿಯಲ್ಲಿಯೇ ಸಿಕ್ಕಿಕೊಂಡವರು ಅದರ ಮೊದಲ ಅಕ್ಷರವನ್ನೂ ಅದರ ಉದ್ದವನ್ನೂ ಎಷ್ಟೋ ಸಲ ಸರಿಯಾಗಿ ಊಹಿಸಬಲ್ಲರೆಂದು ತೋರಿಸಿದರು. ವಿದ್ವಾಂಸರಿಗೆ ಇದು ಸಂತೋಷದ ಸಂಗತಿಯಾಗಿರಬಹುದು. ದೀಪಗಳ ಕೆಳಗೆ ಕುಳಿತವನಿಗೆ ಅದರಿಂದ ಕಾಸಿನ ಪ್ರಯೋಜನವಿಲ್ಲ; ‘ಆ ವಿಜ್ಞಾನಿಯ ಹೆಸರು ಮಕಾರದಿಂದ ಶುರುವಾಗುತ್ತದೆ, ಕೊಂಚ ಉದ್ದವಾಗಿದೆ’ ಎಂದು ಹೇಳಿದರೆ ಅರ್ಧ ಅಂಕ ಕೊಡುವ ನಿರೂಪಕರು ಇನ್ನೂ ಹುಟ್ಟಿಲ್ಲ.

ನಾಲ್ಕು ಆಯ್ಕೆಗಳನ್ನು ಮುಂದಿಟ್ಟು ಕೇಳುವ ಮಾದರಿಯಲ್ಲಿ ಈ ಕಷ್ಟವಿಲ್ಲವೆಂದು ಹೊರಗಿನವರಿಗೆ ತೋರುತ್ತದೆ, ಏಕೆಂದರೆ ಉತ್ತರ ಕಣ್ಣೆದುರೇ ಇರುತ್ತದೆ. ವಾಸ್ತವವಾಗಿ ಕಷ್ಟ ಅಲ್ಲಿಯೇ ಹೆಚ್ಚು. ಪ್ರಶ್ನೆ ಕೇಳಿದೊಡನೆ ಮನಸ್ಸಿನಲ್ಲಿ ನಿಶ್ಚಿಂತೆಯಿಂದ ನಿಂತಿದ್ದ ಉತ್ತರ, ಉಳಿದ ಮೂರು ಹೆಸರುಗಳು ಪರದೆಯ ಮೇಲೆ ಮೂಡಿದೊಡನೆ ತನ್ನ ಜಾಗದಲ್ಲಿಯೇ ಅಲುಗಾಡತೊಡಗುತ್ತದೆ. ಅವುಗಳಲ್ಲಿ ಒಂದಾದರೂ ನಾವು ಎಂದೋ ಅದೇ ಪುಟದಲ್ಲಿ ಓದಿದ್ದ ಹೆಸರಾಗಿರುತ್ತದೆ. ಆಗ ನಿರೂಪಕರು ಮುಂದಕ್ಕೆ ಬಾಗಿ ‘ಖಚಿತವೇ? ಲಾಕ್ ಮಾಡಲೇ?’ ಎಂದು ಕೇಳುತ್ತಾರೆ. ಆ ಪ್ರಶ್ನೆಯ ಕುಶಲತೆ ಮೆಚ್ಚಬೇಕಾದದ್ದು. ಉತ್ತರ ಸರಿಯಿದ್ದಾಗಲೂ ತಪ್ಪಾಗಿದ್ದಾಗಲೂ ಅದು ಅದೇ ದನಿಯಲ್ಲಿ, ಅದೇ ಹುಬ್ಬಿನ ಏರಿನೊಂದಿಗೆ ಬರುತ್ತದೆ, ಆದರೆ ಸ್ಪರ್ಧಿಗೆ ಪ್ರತಿ ಸಲವೂ ಅದು ಎಚ್ಚರಿಕೆಯೆಂದೇ ಕೇಳಿಸುತ್ತದೆ. ಎರಡು ಮತ್ತೆರಡು ನಾಲ್ಕೆಂಬುದನ್ನೇ ಹಾಗೆ ಬಾಗಿ, ಹಾಗೆ ತಡೆದು ತಡೆದು ಕೇಳಿದರೆ, ನಾನಂತೂ ಒಂದು ಲೈಫ್‌ಲೈನ್ ಕೇಳದೆ ಬಿಡಲಾರೆ.

ಲೈಫ್‌ಲೈನುಗಳೂ ವಿಚಿತ್ರವಾದ ಉಪಕಾರಗಳೇ. ಎರಡು ತಪ್ಪು ಉತ್ತರಗಳನ್ನು ಅಳಿಸುವ ಸೌಲಭ್ಯ, ನಮಗೆ ಮೊದಲಿನಿಂದಲೂ ಅನುಮಾನವೇ ಇರದಿದ್ದ ಎರಡನ್ನು ಅಳಿಸಿ, ಯಾವೆರಡರ ನಡುವೆ ಒದ್ದಾಡುತ್ತಿದ್ದೆವೋ ಅವನ್ನೇ ನೀಟಾಗಿ ಉಳಿಸಿಕೊಡುತ್ತದೆ. ತಿಳಿದ ಸ್ನೇಹಿತರಿಗೆ ಫೋನ್ ಮಾಡುವುದೇ ಜಾಣತನವೆಂದು ತೋರಿದರೂ ಲೆಕ್ಕ ಬೇರೆಯೇ ಹೇಳುತ್ತದೆ: ಈ ಮಾದರಿಯ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಕಾರ್ಯಕ್ರಮದ ಅಮೆರಿಕದ ಆವೃತ್ತಿಯ ಬಗ್ಗೆ ಪತ್ರಕರ್ತ ಜೇಮ್ಸ್ ಸುರೊವಿಕಿ 2004ರಲ್ಲಿ ಕೊಟ್ಟ ಅಂಕಿಗಳಂತೆ, ಸ್ನೇಹಿತರ ಉತ್ತರ ಸುಮಾರು ಶೇ. 65ರಷ್ಟು ಸಲ ಸರಿಯಾದರೆ, ಸ್ಟುಡಿಯೋದಲ್ಲಿ ಸುಮ್ಮನೆ ಬಂದು ಕುಳಿತ ಪ್ರೇಕ್ಷಕರ ಬಹುಮತ ಶೇ. 91ರಷ್ಟು ಸಲ ಸರಿಯಾಗಿತ್ತು. ಅದೇ ಆವೃತ್ತಿಯಲ್ಲಿ 1999ರ ನವೆಂಬರ್ 19ರಂದು ಪ್ರಸಾರವಾದ ಕಂತಿನಲ್ಲಿ ಜಾನ್ ಕಾರ್ಪೆಂಟರ್ ಎಂಬವರು ಕೊನೆಯ ಪ್ರಶ್ನೆಯವರೆಗೆ ಒಂದು ಲೈಫ್‌ಲೈನನ್ನೂ ಮುಟ್ಟದೆ ಬಂದು, ಹತ್ತು ಲಕ್ಷ ಡಾಲರಿನ ಪ್ರಶ್ನೆಗೆ ತಂದೆಗೆ ಫೋನ್ ಮಾಡಿಸಿದರು. ಸಹಾಯಕ್ಕಾಗಿ ಮಾಡಿದ್ದಲ್ಲ, ನಾನು ಈಗ ಗೆಲ್ಲುತ್ತೇನೆಂದು ತಿಳಿಸಲು ಮಾಡಿದೆ ಎಂದು ತಂದೆಗೆ ಹೇಳಿ, ಹೇಳಿದಂತೆಯೇ ಗೆದ್ದರು. ಗೊತ್ತಿರುವುದರ ಮೇಲೆ ಇಷ್ಟು ಪೂರ್ಣವಾದ ಒಡೆತನವನ್ನು ನಾನು ಬೇರೆ ಯಾವ ಸ್ಪರ್ಧಿಯಲ್ಲಿಯೂ ಕಂಡಿಲ್ಲ. ಮೆಚ್ಚಿಕೊಂಡದ್ದಷ್ಟೇ ಹೊಟ್ಟೆಕಿಚ್ಚೂ ಆಗಿದೆ.

ಇಷ್ಟೆಲ್ಲ ತಳಮಳ ಹಣದ ಆಸೆಯಿಂದ ಹುಟ್ಟುತ್ತದೆ ಎನ್ನುವವರಿದ್ದಾರೆ. ದೂರದರ್ಶನದ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದಿರುವ ‘ಥಟ್ ಅಂತ ಹೇಳಿ’ಯಲ್ಲಿ ಸರಿಯುತ್ತರಕ್ಕೆ ಸಿಗುವುದು ಪುಸ್ತಕ, ಆದರೂ ಅಲ್ಲಿ ಕುಳಿತವರ ಮುಖದಲ್ಲಿಯೂ ಅದೇ ತಡಕಾಟವನ್ನು ನೋಡಬಹುದು. ನಾಲ್ಕು ಜನರೆದುರು ತನ್ನ ನೆನಪು ತನ್ನ ಮಾತು ಕೇಳದೆ ಹೋಗುವ ಅಳುಕಿಗೆ ಬಹುಮಾನದ ಬೆಲೆ ಲೆಕ್ಕವಲ್ಲ. ಬಿಬಿಸಿಯಲ್ಲಿ 1972ರಲ್ಲಿ ಆರಂಭವಾದ ‘ಮಾಸ್ಟರ್‌ಮೈಂಡ್’ ಈ ಅಳುಕನ್ನೇ ಬಂಡವಾಳ ಮಾಡಿಕೊಂಡಿತು. ಅದನ್ನು ರೂಪಿಸಿದ ಬಿಲ್ ರೈಟ್ ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕು ಜರ್ಮನರ ವಿಚಾರಣೆಯನ್ನು ಎದುರಿಸಿದ್ದವರು. ಕತ್ತಲೆಯ ನಡುವಿನ ಕಪ್ಪು ಕುರ್ಚಿ, ಮುಖದ ಮೇಲಿನ ಬೆಳಕು, ಒಂದರ ಹಿಂದೊಂದು ಪ್ರಶ್ನೆ, ಎಲ್ಲವೂ ಅಲ್ಲಿಂದಲೇ ಬಂದವು. ಅಲ್ಲಿ ಗೊತ್ತಿಲ್ಲದಿದ್ದರೆ ‘ಪಾಸ್’ ಎನ್ನಬಹುದು, ಆದರೆ ಇಬ್ಬರ ಅಂಕಗಳು ಸಮವಾದರೆ ಕಡಿಮೆ ಪಾಸ್ ಹೇಳಿದವರು ಗೆಲ್ಲುತ್ತಾರೆ. ಅಂದರೆ ತಿಳಿಯದೆಂದು ಒಪ್ಪಿಕೊಂಡವರಿಗಿಂತ ಧೈರ್ಯವಾಗಿ ತಪ್ಪು ಹೇಳಿದವರು ಮೇಲು. ಲೋಕದಲ್ಲಿ ಇದು ಹೊಸ ನಿಯಮವೇನೂ ಅಲ್ಲ.

ನೋಡುವವರಿಗೆ ಬೇಕಾಗಿರುವುದೂ ಈ ಒದ್ದಾಟವೇ ಎಂಬುದನ್ನು ಅಮೆರಿಕದ ನಿರ್ಮಾಪಕರು 1950ರ ದಶಕದಲ್ಲಿಯೇ ಅರಿತಿದ್ದರು, ಅರಿತು ಕೆಟ್ಟರು. ‘ಟ್ವೆಂಟಿ ಒನ್’ ಎಂಬ ಕಾರ್ಯಕ್ರಮದಲ್ಲಿ ಉತ್ತರಗಳನ್ನು ಮೊದಲೇ ತಿಳಿಸಿಕೊಟ್ಟು, ಅವನ್ನು ಕಷ್ಟಪಟ್ಟು ನೆನಪಿಸಿಕೊಳ್ಳುವಂತೆ ನಟಿಸುವುದನ್ನೂ ಕಲಿಸಿಕೊಡುತ್ತಿದ್ದರು. ಎಲ್ಲಿ ತಡವರಿಸಬೇಕು, ಯಾವಾಗ ಬೆವರು ಒರೆಸಿಕೊಳ್ಳಬೇಕು ಎಂಬುದಕ್ಕೆ ತಾಲೀಮು ಇತ್ತು. ಹರ್ಬರ್ಟ್ ಸ್ಟೆಂಪೆಲ್ ಎಂಬ ಸ್ಪರ್ಧಿಗೆ ಬಂದ ಆಜ್ಞೆ ಇನ್ನೂ ಕ್ರೂರವಾದದ್ದು: 1955ರ ಅತ್ಯುತ್ತಮ ಚಿತ್ರದ ಆಸ್ಕರ್ ಯಾವುದಕ್ಕೆ ಸಂದಿತು ಎಂಬ ಪ್ರಶ್ನೆಗೆ, ತಾನು ಮತ್ತೆ ಮತ್ತೆ ನೋಡಿ ಮೆಚ್ಚಿದ್ದ ಚಿತ್ರವೇ ಉತ್ತರವಾಗಿದ್ದರೂ, ಆತ ತಪ್ಪು ಹೇಳಿ ಎದುರಾಳಿ ಚಾರ್ಲ್ಸ್ ವ್ಯಾನ್ ಡೋರೆನ್‌ಗೆ ದಾರಿ ಬಿಡಬೇಕಾಯಿತು. 1959ರಲ್ಲಿ ವ್ಯಾನ್ ಡೋರೆನ್ ಸಂಸತ್ತಿನ ಉಪಸಮಿತಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡರು, ಮರುವರ್ಷ ಇಂಥ ಮೋಸವನ್ನು ಕಾನೂನೇ ನಿಷೇಧಿಸಿತು. ಗೊತ್ತಿದ್ದೂ ಹೇಳದೆ ಕುಳಿತ ಸ್ಟೆಂಪೆಲ್ ಅವರ ಆ ನಿಮಿಷವನ್ನು ನೆನೆದರೆ, ಪ್ರಾಮಾಣಿಕವಾಗಿ ಮರೆಯುವ ಭಾಗ್ಯವಾದರೂ ನಮಗಿದೆಯಲ್ಲ ಎನ್ನಿಸುತ್ತದೆ.

ತನಗೆ ಎಷ್ಟು ಗೊತ್ತು ಎಂಬುದರ ಲೆಕ್ಕವನ್ನು ಅತ್ಯಂತ ಚೊಕ್ಕವಾಗಿ ಇಟ್ಟ ಸ್ಪರ್ಧಿ ಮನುಷ್ಯನಲ್ಲ. 2011ರ ಫೆಬ್ರುವರಿಯಲ್ಲಿ ಐಬಿಎಂ ಸಂಸ್ಥೆಯ ‘ವಾಟ್ಸನ್’ ಎಂಬ ಗಣಕ ‘ಜೆಪರ್ಡಿ’ಯಲ್ಲಿ ಜೆನ್ನಿಂಗ್ಸ್ ಮತ್ತು ಅದೇ ಆಟದ ಇನ್ನೊಬ್ಬ ವಿಜೇತ ಬ್ರಾಡ್ ರಟ್ಟರ್ ಇಬ್ಬರನ್ನೂ ಸೋಲಿಸಿತು. ಅದರ ನಡುವೆ, ಅಮೆರಿಕದ ನಗರಗಳು ಎಂಬ ವಿಭಾಗದ ಪ್ರಶ್ನೆಗೆ ಅದು ಷಿಕಾಗೋ ಎನ್ನುವ ಬದಲು ಕೆನಡಾದ ಟೊರಾಂಟೋ ಎಂದು ಬರೆದಾಗ ಜನ ನಕ್ಕರು. ನಾನು ನಗಲಿಲ್ಲ, ಏಕೆಂದರೆ ಆ ಯಂತ್ರ ಉತ್ತರದ ಮುಂದೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳನ್ನು ಹಾಕಿತ್ತು, ಮತ್ತು ಕೈಯಲ್ಲಿ ಸಾವಿರಾರು ಡಾಲರುಗಳಿದ್ದರೂ ಆ ಪ್ರಶ್ನೆಯ ಮೇಲೆ ಬರೀ 947 ಡಾಲರ್ ಪಣ ಕಟ್ಟಿತ್ತು. ತಪ್ಪು ಹೇಳುವಾಗ ಇಷ್ಟು ಮಿತವಾಗಿ ಪಣವೊಡ್ಡುವ ಸಂಯಮ ನನಗೆ ತಿಳಿದ ಮನುಷ್ಯರಲ್ಲಿ ಕಡಿಮೆ.

ಸ್ಪರ್ಧೆ ಮುಗಿದ ಮೇಲೆ ಒಂದು ಕಾಗದಕ್ಕೆ ಸಹಿ ಮಾಡಿಸಿಕೊಳ್ಳುತ್ತಾರೆ. ಪ್ರಸಾರವಾಗುವವರೆಗೆ ಫಲಿತಾಂಶವನ್ನು ಯಾರಿಗೂ ಹೇಳುವಂತಿಲ್ಲ. ಕಡೆಗೂ ಒಂದು ಪ್ರಶ್ನೆಗೆ ನನ್ನಲ್ಲಿ ಸಂಶಯಕ್ಕೆ ಎಡೆಯೇ ಇಲ್ಲದ ಉತ್ತರ ಸಿದ್ಧವಾಗಿತ್ತು, ಆದರೆ ಅದನ್ನು ಹೇಳಲು ಕರಾರು ಬಿಡುತ್ತಿರಲಿಲ್ಲ. ಬಂಧುಗಳೆಲ್ಲ ಮುಖ ನೋಡಿ ಊಹಿಸಲು ಯತ್ನಿಸಿ ಬೇಸತ್ತರು. ಭಾವನವರು ಮಾತ್ರ ಬಿಡದೆ ನಾಲ್ಕು ಆಯ್ಕೆಗಳನ್ನು ತಾವೇ ಹೇಳಿದರು: ಗೆದ್ದೆ, ಸೋತೆ, ನಡುವೆಯೇ ಆಟ ಬಿಟ್ಟೆ, ಮೊದಲ ಪ್ರಶ್ನೆಗೇ ಹೊರಬಿದ್ದೆ. ನಾನು ನಕ್ಕದ್ದನ್ನೇ ಉತ್ತರವೆಂದು ಭಾವಿಸಿ ಅವರು ಮುಂದಕ್ಕೆ ಬಾಗಿ, ಹುಬ್ಬು ಏರಿಸಿ, ‘ನಾಲ್ಕನೆಯದು ತಾನೇ? ಲಾಕ್ ಮಾಡಲೇ?’ ಎಂದರು.