ದೊರೆಗೊಂದು ಖಾಸಗಿ ಪಾರ್ಲಿಮೆಂಟು

ಶಾಸಕರನ್ನು ಬಸ್ಸಿಗೆ ತುಂಬಿ ರೆಸಾರ್ಟಿಗೆ ಸಾಗಿಸುವಾಗಲೆಲ್ಲ ಟಿವಿಯವರು ‘ಇತಿಹಾಸದಲ್ಲೇ ಮೊದಲು’ ಅಂತ ಗಂಟಲು ಹರಿದುಕೊಳ್ಳುತ್ತಾರೆ. ಇದರಿಂದ ಇಂಗ್ಲೆಂಡಿನ ಒಂದನೇ ಚಾರ್ಲ್ಸ್ ದೊರೆಗೆ ಘೋರ ಅನ್ಯಾಯವಾಗುತ್ತಿದೆ. ನಿಷ್ಠಾವಂತ ಸದಸ್ಯರನ್ನು ರಾಜಧಾನಿಯಿಂದ ದೂರ ಕರೆಸಿ, ತನ್ನದೇ ಸೈನ್ಯದ ಕಾವಲಿನಲ್ಲಿ ಕೂರಿಸಿ, ಸ್ವತಂತ್ರ ಸದನ ಅಂದರೆ ಇದೇ ಎಂದು ಸಾರುವ ವಿದ್ಯೆಯನ್ನು ಆ ಪುಣ್ಯಾತ್ಮ 1644ರ ಜನವರಿ 22ರಂದೇ ಮಾಡಿ ತೋರಿಸಿದ್ದ. ಜಾಗ, ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಊಟದ ಹಾಲ್. ಈಜುಕೊಳ ಇರಲಿಲ್ಲ, ಅಷ್ಟೇ ಕೊರತೆ.

ದೊರೆಗೆ ಪಾರ್ಲಿಮೆಂಟಿನ ಮೇಲಿದ್ದ ಪ್ರೀತಿ ಎಲ್ಲರಿಗೂ ಗೊತ್ತಿದ್ದದ್ದೇ. ಪಟ್ಟಕ್ಕೆ ಬಂದ ನಾಲ್ಕೇ ವರ್ಷದಲ್ಲಿ ಮೂರು ಪಾರ್ಲಿಮೆಂಟುಗಳನ್ನು ಮನೆಗೆ ಕಳಿಸಿದ. 1629ರಿಂದ 1640ರವರೆಗೆ ಆ ಶನಿಯ ಕಾಟವೇ ಬೇಡವೆಂದು ಸುಮ್ಮನಿದ್ದುಬಿಟ್ಟ. ಖರ್ಚಿಗೆ ಹಡಗಿನ ತೆರಿಗೆ ಇತ್ತಲ್ಲ! ಕರಾವಳಿಯವರು ಕೊಡಬೇಕಾದ ಅದನ್ನು ಸಮುದ್ರದ ಗಾಳಿಯೂ ಸೋಕದ ಜಿಲ್ಲೆಗಳಿಂದಲೂ ವಸೂಲು ಮಾಡಿದ. 1640ರ ಏಪ್ರಿಲ್‌ನಲ್ಲಿ ಕರೆದ ಸದನ ಮೂರು ವಾರ ಬಾಳಿತು. 1642ರ ಜನವರಿ 4ರಂದು ಐವರು ಸದಸ್ಯರನ್ನು ಹಿಡಿಯಲು ಶಸ್ತ್ರಧಾರಿಗಳನ್ನು ಬಾಗಿಲಲ್ಲಿ ನಿಲ್ಲಿಸಿ ತಾನೇ ಕಾಮನ್ಸ್ ಸಭೆಯೊಳಗೆ ನುಗ್ಗಿದ. ಹಕ್ಕಿಗಳು ಆಗಲೇ ಹಾರಿಹೋಗಿದ್ದವು. ಅದೇ ವರ್ಷ ಇಬ್ಬರಿಗೂ ಯುದ್ಧವೇ ಹತ್ತಿಕೊಂಡಿತು: ಪಾರ್ಲಿಮೆಂಟು ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲೇ ಉಳಿಯಿತು, ದೊರೆ ಆಕ್ಸ್‌ಫರ್ಡಿನಲ್ಲಿ ಬೀಡುಬಿಟ್ಟ. ಈ ಪ್ರೇಮಿಗೇ ಎರಡು ವರ್ಷದ ನಂತರ ಇದ್ದಕ್ಕಿದ್ದಂತೆ ಸದಸ್ಯರ ಸಲಹೆ ಬೇಕಾಯಿತು.

ಹಳೆಯ ಸದನವನ್ನು ವಿಸರ್ಜಿಸಿ ಹೊಸದನ್ನು ಕರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ತೊಡಕು ಇದ್ದದ್ದು ಅಲ್ಲೇ. ಸದನದ ಒಪ್ಪಿಗೆಯಿಲ್ಲದೆ ಸದನವನ್ನು ವಿಸರ್ಜಿಸುವಂತಿಲ್ಲ ಎಂಬ ಕಾಯ್ದೆಗೆ 1641ರ ಮೇ 10ರಂದು ಒಪ್ಪಿಗೆ ಕೊಟ್ಟವನು ಇವನೇ. ಅದೇ ದಿನ ತನ್ನ ಅತ್ಯಂತ ನಿಷ್ಠ ಮಂತ್ರಿ ಸ್ಟ್ರಾಫರ್ಡ್‌ನ ತಲೆ ತೆಗೆಯುವ ಮಸೂದೆಗೂ ಒಪ್ಪಿಗೆ ಕೊಟ್ಟಿದ್ದ. ಒಂದೇ ಕೂತಿನಲ್ಲಿ ಎರಡು ಕೆಲಸ. ಈಗ ಆ ಕಾಯ್ದೆ ಲೆಕ್ಕಕ್ಕಿಲ್ಲ ಎಂದರೆ ಒಪ್ಪಿಕೊಂಡ ಮಿಕ್ಕ ಕಾಯ್ದೆಗಳ ಗತಿಯೇನು ಎಂದು ದೇಶವೇ ಕೇಳುತ್ತದೆ. ಹಾಗಾಗಿ ಎಡ್ವರ್ಡ್ ಹೈಡ್ ಎಂಬ ಜಾಣ ವಕೀಲ ಒಂದು ಸಂದಿ ಹುಡುಕಿಕೊಟ್ಟ: ವಿಸರ್ಜನೆಯ ಮಾತೇ ಎತ್ತಬೇಡಿ, ಸದಸ್ಯರನ್ನು ಇಲ್ಲಿಗೆ ಬನ್ನಿ ಎಂದು ಕರೆಯಿರಿ, ಸಾಕು. 1643ರ ಡಿಸೆಂಬರ್ 22ರಂದು ಘೋಷಣೆ ಹೊರಟಿತು. ತೋರಿಸಿದ ಕಾರಣ, ಸ್ಕಾಟರ ದಾಳಿ.

ಆಹಾ, ಪರಕೀಯರ ದಾಳಿ! 1644ರ ಜನವರಿ 19ರಂದು ಸುಮಾರು 20,000 ಜನರ ಸ್ಕಾಟ್ ಸೇನೆ ಟ್ವೀಡ್ ನದಿ ದಾಟಿದ್ದು ನಿಜವೇ. ವೆಸ್ಟ್‌ಮಿನ್‌ಸ್ಟರ್ ಅವರಿಗೆ ತಿಂಗಳಿಗೆ 30,000 ಪೌಂಡ್ ಕೊಡಲು ಒಪ್ಪಿದ್ದೂ ನಿಜ. ಆದರೆ ಆ ಪರಕೀಯರ ರಾಜ ಯಾರಪ್ಪಾ ಅಂದರೆ ಇದೇ ಚಾರ್ಲ್ಸ್. ಹುಟ್ಟಿದ್ದು ಸ್ಕಾಟ್‌ಲೆಂಡಿನ ಡನ್‌ಫರ್ಮ್ಲಿನ್‌ನಲ್ಲಿ. ದಾಳಿಯ ಸೇನಾಪತಿ ಲೆವೆನ್‌ನ ಅರ್ಲ್; ಆ ಅರ್ಲ್ ಪದವಿಯನ್ನು 1641ರಲ್ಲಿ ಕೊಟ್ಟವನೂ ಇದೇ ಚಾರ್ಲ್ಸ್. ಅತ್ತ ದೊರೆಯೇನು ಕೈಕಟ್ಟಿ ಕೂತಿದ್ದನೇ? 1643ರ ಸೆಪ್ಟೆಂಬರಿನಲ್ಲೇ ಐರ್ಲೆಂಡಿನ ಬಂಡಾಯಗಾರರ ಜೊತೆ ಕದನವಿರಾಮ ಮಾಡಿಕೊಂಡು, ಅಲ್ಲಿದ್ದ ಪಡೆಗಳನ್ನು ಹಡಗು ಹತ್ತಿಸಿ ಕರೆಸಿಕೊಳ್ಳುತ್ತಿದ್ದ. ಹಾಗೆ ಬಂದ ಪಡೆ ಜನವರಿ 25ರಂದು, ಅಂದರೆ ಹೊಸ ಸದನ ಕೂತ ಮೂರನೇ ದಿನಕ್ಕೆ, ನ್ಯಾಂಟ್‌ವಿಚ್‌ನಲ್ಲಿ ಸೋತು ಸುಣ್ಣವಾಯಿತು.

ಆಕ್ಸ್‌ಫರ್ಡಿನ ಟಂಕಸಾಲೆಯ ವಿಷಯವನ್ನು ಇಲ್ಲೇ ಹೇಳಿಬಿಡಬೇಕು, ಆಮೇಲೆ ಮರೆತುಹೋದೀತು. ಕಾಲೇಜುಗಳ ಬೆಳ್ಳಿ ತಟ್ಟೆ, ಬಟ್ಟಲು, ಹೂಜಿಗಳನ್ನು ‘ಸಾಲ’ವಾಗಿ ತಂದು ನ್ಯೂ ಇನ್ ಹಾಲ್‌ನಲ್ಲಿ ಕರಗಿಸಿ ನಾಣ್ಯ ಹೊಡೆಯುತ್ತಿದ್ದರು. ಪುಡಿ ಪೆನ್ನಿಯಿಂದ ಹಿಡಿದು ಅಂಗೈ ತುಂಬುವ ಒಂದು ಪೌಂಡಿನ ಬೆಳ್ಳಿ ನಾಣ್ಯದವರೆಗೆ. ಚಿನ್ನದಲ್ಲಿ ಮೂರು ಪೌಂಡಿನದೂ ಇತ್ತು. ದೊಡ್ಡ ಬೆಳ್ಳಿ ನಾಣ್ಯಗಳ ಒಂದು ಕಡೆ ಕುದುರೆ ಏರಿದ ದೊರೆ. ಇನ್ನೊಂದು ಕಡೆ ಮೂರು ಸಾಲಿನಲ್ಲಿ ಮೊಟಕು ಲ್ಯಾಟಿನ್: ರೆಲಿಗ್ ಪ್ರಾಟ್, ಲೆಗ್ ಆಂಗ್, ಲೈಬರ್ ಪಾರ್ಲ್. ಪ್ರಾಟೆಸ್ಟಂಟ್ ಧರ್ಮ, ಇಂಗ್ಲೆಂಡಿನ ಕಾನೂನು, ಪಾರ್ಲಿಮೆಂಟಿನ ಸ್ವಾತಂತ್ರ್ಯ. ಪಾರ್ಲಿಮೆಂಟಿನ ಮೇಲೆ ಹಾರಿಸುವ ಗುಂಡಿನ ಖರ್ಚಿಗೆ ಪಾರ್ಲಿಮೆಂಟಿನ ಸ್ವಾತಂತ್ರ್ಯ ಎಂದು ಬರೆದ ರೊಕ್ಕ! ಕಾಲೇಜಿನವರಿಗೆ ಬೆಳ್ಳಿ ವಾಪಸು ಬರಲಿಲ್ಲ.

ಸರಿ, ಸದನಕ್ಕೆ ಬರೋಣ. ಸದಸ್ಯರು ಬಂದರು, ಭಾಷಣ ಕೇಳಿದರು. ನನ್ನ ಮೇಲಿನ ನಿಷ್ಠೆಗಾಗಿ ನೀವು ಇಷ್ಟೆಲ್ಲ ನೊಂದಿದ್ದೀರಿ, ನನಗೆ ಸಲಹೆ ಕೊಡಲು ನಿಮಗಿಂತ ಯೋಗ್ಯರು ಯಾರು ಎಂಬ ಧಾಟಿಯಲ್ಲಿ ದೊರೆ ಮಾತಾಡಿದ. ಜನವರಿ 27ರಂದು ವೆಸ್ಟ್‌ಮಿನ್‌ಸ್ಟರ್ ಸೇನಾಪತಿ ಎಸೆಕ್ಸ್‌ಗೆ ಸಂಧಿಯ ಕಾಗದ ಹೋಯಿತು. ಸಹಿ ಹಾಕಿದವರು ಮೇಲ್ಮನೆಯ 44 ಲಾರ್ಡುಗಳು, ಕೆಳಮನೆಯಾದ ಕಾಮನ್ಸ್‌ನ 118 ಸದಸ್ಯರು. ಲಾರ್ಡುಗಳ ಸಾಲಿನ ಮೊದಲೆರಡು ಹೆಸರು ದೊರೆಯ ಮಕ್ಕಳದ್ದು: ಯುವರಾಜನಿಗೆ 13 ವರ್ಷ, ಅವನ ತಮ್ಮನಿಗೆ 10. ಲಾರ್ಡುಗಳ ಮಟ್ಟಿಗೆ ಬಹುಮತ ಇತ್ತೆನ್ನಿ, ಮಕ್ಕಳನ್ನು ಬಿಟ್ಟರೂ ಇತ್ತು. ಕಾಮನ್ಸ್ ಲೆಕ್ಕ ಮಾತ್ರ ಕೂಡಿಬರಲಿಲ್ಲ. ವೆಸ್ಟ್‌ಮಿನ್‌ಸ್ಟರಿನಲ್ಲಿ ಅದೇ ಜನವರಿ 22ರಂದು ತಲೆ ಎಣಿಸಿದಾಗ ಸುಮಾರು 280 ಜನ ಕೂತಿದ್ದರು. ಸ್ಪೀಕರ್ ಲೆಂತಾಲ್ ಅಲ್ಲಿ, ಅವನ ಮುಂದಿಡುವ ಗದೆ ಅಲ್ಲಿ. ರಾಜಮುದ್ರೆ ಮಾತ್ರ ದೊರೆಯ ಕಡೆ ಇತ್ತು. ಅದಕ್ಕೆ ವೆಸ್ಟ್‌ಮಿನ್‌ಸ್ಟರಿನವರು ಇನ್ನೊಂದು ಮುದ್ರೆಯನ್ನೇ ಮಾಡಿಸಿಕೊಂಡರು.

ಎಸೆಕ್ಸ್ ಕಾಗದವನ್ನು ನೋಡಿ, ಇದರಲ್ಲಿ ಪಾರ್ಲಿಮೆಂಟಿನ ವಿಳಾಸವೇ ಇಲ್ಲ, ನಾನು ಹೇಗೆ ತಲುಪಿಸಲಿ ಎಂದ. ಮಾರ್ಚಿಯಲ್ಲಿ ದೊರೆ ‘ವೆಸ್ಟ್‌ಮಿನ್‌ಸ್ಟರಿನಲ್ಲಿ ಸೇರಿರುವ’ ಸದನಗಳಿಗೇ ಬರೆದ. ಆದರೆ ಒಳಗೆ ‘ಆಕ್ಸ್‌ಫರ್ಡಿನಲ್ಲಿ ಸೇರಿರುವ’ ಸದನಗಳನ್ನೂ ಸರಿಸಮಾನ ಕೂರಿಸಿದ್ದ. ಅವರು ಕೆಂಡವಾದರು. ಜನ ಸಾಯುತ್ತಿದ್ದಾಗ ವಾರಗಟ್ಟಲೆ ಚರ್ಚೆ ನಡೆದದ್ದು ಲಕೋಟೆಯ ಮೇಲಿನ ಬರಹದ ಬಗ್ಗೆ.

ಉಳಿದಂತೆ ಆಕ್ಸ್‌ಫರ್ಡ್ ಸದನ ಮಾಡಿದ ಘನಕಾರ್ಯವೆಂದರೆ ದೊರೆಗೆ 1,00,000 ಪೌಂಡ್ ಸಾಲ ಎತ್ತಲು ಒಪ್ಪಿದ್ದು, ಮತ್ತು ಅಬಕಾರಿ ಸುಂಕ ಹಾಕಿದ್ದು. ಈ ಸುಂಕವನ್ನು 1643ರಲ್ಲಿ ಮೊದಲು ತಂದದ್ದು ವೆಸ್ಟ್‌ಮಿನ್‌ಸ್ಟರ್. ಆಗ ಅದು ದಬ್ಬಾಳಿಕೆಯಾಗಿತ್ತು. ಈಗ ಬಿಯರ್ ಕುಡಿಯುವವನು ಯಾವ ಸೇನೆಯ ಹತೋಟಿಯಲ್ಲಿ ಕೂತು ಕುಡಿದರೂ ಯಾರೋ ಒಬ್ಬರಿಗೆ ಸುಂಕ ಕಟ್ಟಬೇಕು.

ಆ ಊರಿನವರನ್ನು ಯಾರೂ ಕೇಳಲಿಲ್ಲ. ನ್ಯೂ ಕಾಲೇಜಿನ ಪಡಸಾಲೆಯಲ್ಲಿ ಮದ್ದಿನ ಪೀಪಾಯಿ, ಮನೆ ಮನೆಯಲ್ಲಿ ಸಿಪಾಯಿಗಳು, ಅವರು ತಿಂದದ್ದಕ್ಕೆ ದುಡ್ಡಿನ ಬದಲು ಚೀಟಿ. ಸರದಿಯ ಮೇಲೆ ಕಂದಕ ತೋಡಲು ಬರಬೇಕು, ಬಾರದಿದ್ದರೆ ದಂಡ. 1643ರಲ್ಲಿ ದಂಡಿನ ಜ್ವರ ಹಬ್ಬಿ ಜನ ಸತ್ತರು. 1644ರ ಅಕ್ಟೋಬರ್ 6ರಂದು ಊರಿನ ಪಶ್ಚಿಮ ಭಾಗ ಸುಟ್ಟು ಬೂದಿಯಾಯಿತು. ಸಿಪಾಯಿಯೊಬ್ಬ ಕದ್ದ ಹಂದಿಯನ್ನು ಸುಡಲು ಹೋಗಿ ಹೊತ್ತಿಕೊಂಡಿತು ಎಂದು ಜನ ಹೇಳಿಕೊಂಡರು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಪಾರ್ಲಿಮೆಂಟಿನ ಸ್ವಾತಂತ್ರ್ಯ ಎಂದು ಎರಡೂ ಕಡೆಯವರು ಬರೆದುಕೊಂಡರು, ಮನೆ ಕಳೆದುಕೊಂಡವರು ಚೀಟಿ ಹಿಡಿದು ನಿಂತರು. ಸಾಕಾಗಿಹೋಗುತ್ತದೆ ಓದಿ.

ನಿಷ್ಠಾವಂತರಿಗೆ ಸಿಕ್ಕ ಬಹುಮಾನ ಕೇಳಿ. 1644ರ ಕೊನೆಯಲ್ಲಿ ದೊರೆ ವೆಸ್ಟ್‌ಮಿನ್‌ಸ್ಟರನ್ನು ಕಾಗದದ ಮೇಲೆ ‘ಪಾರ್ಲಿಮೆಂಟು’ ಎಂದು ಕರೆಯಲೇಬೇಕಾಯಿತು. ಹಾಗೆ ಕರೆದರೆ ಒಪ್ಪಿಕೊಂಡಂತಾಗಲಿಲ್ಲ, ಅದನ್ನು ಕೌನ್ಸಿಲಿನ ದಫ್ತರದಲ್ಲಿ ಬರೆಸಿದ್ದೇನೆ ಎಂದು ರಾಣಿಗೆ ಸಮಜಾಯಿಷಿ ಬರೆದ. 1645ರ ಮಾರ್ಚ್ 10ರಂದು, ಪದೇ ಪದೇ ಸಂಧಿ ಸಂಧಿ ಎನ್ನುತ್ತಿದ್ದ ತನ್ನ ಆಕ್ಸ್‌ಫರ್ಡ್ ಸದನವನ್ನು ಮುಂದೂಡಿದ. ಮೂರು ದಿನ ಬಿಟ್ಟು ಮತ್ತೆ ರಾಣಿಗೆ ಕಾಗದ: ಈ ಕಂತ್ರಿ ಪಾರ್ಲಿಮೆಂಟಿನಿಂದ ಬಿಡುಗಡೆ ಸಿಕ್ಕಿತು. ಜೂನ್ 14ರಂದು ನೇಸ್ಬಿಯಲ್ಲಿ ಸೋತಾಗ ಆ ಕಾಗದಗಳ ಪೆಟ್ಟಿಗೆ ಶತ್ರುಗಳ ಕೈಸೇರಿತು. ಅವರು ಲಂಡನ್ನಿನಲ್ಲಿ ಜನ ಸೇರಿಸಿ ಓದಿಸಿ, ಅಚ್ಚು ಹಾಕಿಸಿ ಮಾರಿದರು.

ಆಕ್ಸ್‌ಫರ್ಡಿಗೆ ಹೋದ ಸದಸ್ಯರು ಆಸ್ತಿ ಉಳಿಸಿಕೊಳ್ಳಲು ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲ್‌ನಲ್ಲಿ ಸರದಿ ನಿಂತು ದಂಡ ಕಟ್ಟಬೇಕಾಯಿತು, ಅದೂ ಉಳಿದ ರಾಜಪಕ್ಷದವರಿಗಿಂತ ಜಾಸ್ತಿ ದರದಲ್ಲಿ. ಕಟ್ಟುವ ಮೊದಲು ವೆಸ್ಟ್‌ಮಿನ್‌ಸ್ಟರ್ ಸ್ಕಾಟರ ಜೊತೆ ಮಾಡಿಕೊಂಡಿದ್ದ ಒಡಂಬಡಿಕೆಗೇ ಪ್ರಮಾಣ ಮಾಡಬೇಕು. ದೊರೆ? 1646ರ ಮೇ ತಿಂಗಳಲ್ಲಿ ತಾನಾಗಿ ಹೋಗಿ ಆ ‘ಪರಕೀಯ’ ಸೇನೆಗೇ ಶರಣಾದ. 1647ರ ಡಿಸೆಂಬರಿನಲ್ಲಿ, ದಯವಿಟ್ಟು ಇನ್ನೊಮ್ಮೆ ದಂಡೆತ್ತಿ ಬನ್ನಿ, ಈ ಸಲ ನನ್ನ ಪರವಾಗಿ ಎಂದು ಸ್ಕಾಟರ ಜೊತೆ ಗುಟ್ಟಾಗಿ ಕರಾರಿಗೆ ರುಜು ಹಾಕಿದ. ಅವರು ಮುಂದಿನ ಜುಲೈಯಲ್ಲಿ ಬಂದರು. ಆಗಸ್ಟಿನಲ್ಲಿ ಪ್ರೆಸ್ಟನ್ನಿನಲ್ಲಿ ಸೋತರು.