ಮೂರೂ ಸಲ ಆತ ಮಲಗಿದ್ದ

‘ಇದಕ್ಕೆ ಮುಂಚೆ ಯಾರಾದರೂ…’ ಎಂದು ಶುರುವಾಗುವ ಪ್ರಶ್ನೆಯನ್ನು ಕೊನೆಯವರೆಗೂ ಕೇಳಿದವರನ್ನು ನಾನು ಕಂಡಿಲ್ಲ. ಕೇಳುವವರು ಅರ್ಧಕ್ಕೇ ನಿಲ್ಲಿಸಿ ಮೇಜಿನ ಮೇಲಿನ ಟಿಶ್ಯೂ ಕಾಗದವನ್ನು ಮಡಚತೊಡಗುತ್ತಾರೆ. ಉತ್ತರ ಕೊಡುವವರೂ ಕಡಿಮೆಯೇನಲ್ಲ. ‘ಇದ್ದರು, ಅಂದರೆ ಇದ್ದರು ಅಂತಲ್ಲ, ಇದ್ದ ಹಾಗೆ ಇದ್ದರು’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟುಬಿಡುತ್ತಾರೆ. ಕೆಲಸದ ಸಂದರ್ಶನದಲ್ಲಾದರೆ ಹಿಂದಿನ ಅನುಭವ ಹೆಚ್ಚಿದ್ದಷ್ಟೂ ಸಂಬಳ ಹೆಚ್ಚು. ಪ್ರೀತಿಯ ಸಂದರ್ಶನದಲ್ಲಿ ಅನುಭವ ಇದ್ದರೂ ಕಷ್ಟ, ಇಲ್ಲದಿದ್ದರೆ ಇನ್ನೂ ಕಷ್ಟ.

ನನಗಂತೂ ಈ ಹಳೆಯ ಪುರಾಣಗಳನ್ನು ಕೇಳುವುದೆಂದರೆ ಇಷ್ಟ. ಅಸೂಯೆ ಆಗುವುದಿಲ್ಲವೆಂದಲ್ಲ, ಕುತೂಹಲ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ನನ್ನ ಗೆಳತಿಯೊಬ್ಬಳು ಲೆಕ್ಕ ಕೇಳುವ ಪಂಗಡದವಳು. ಎಷ್ಟು ಜನ, ಎಷ್ಟು ವರ್ಷ, ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಎಷ್ಟು ತಿಂಗಳು ಬಿಡುವು, ಇಷ್ಟು ತಿಳಿದರೆ ಮನುಷ್ಯನ ಬಂಡವಾಳವೆಲ್ಲ ತಿಳಿಯಿತು ಎನ್ನುತ್ತಾಳೆ. ನನಗೆ ಆ ಲೆಕ್ಕದಲ್ಲಿ ನಂಬಿಕೆಯಿಲ್ಲ. ಯಾರೂ ಇರಲಿಲ್ಲ ಎನ್ನುವವರು ಸಾಧುಗಳಿರಬಹುದು, ಸುಳ್ಳುಗಾರರಿರಬಹುದು, ಬರೀ ನಾಚಿಕೆಯವರೂ ಇರಬಹುದು. ಹಳೆಯ ಗೆಳತಿ ಏನೇನು ಮಾಡಿದಳು ಎಂಬ ಕತೆಯನ್ನು ಅದರ ಪಾಡಿಗೆ ಹರಿಯಲು ಬಿಟ್ಟು, ಅವಳು ಹಾಗೆ ಮಾಡುವಾಗ ಇವರು ಎಲ್ಲಿದ್ದರು ಎಂಬುದನ್ನಷ್ಟೇ ನಾನು ಹುಡುಕುತ್ತೇನೆ.

ಮಲಗಿದ್ದವರೊಬ್ಬರು ಇದ್ದರು. ಮೃದು ಮಾತಿನ, ಇಸ್ತ್ರಿ ಕೆಡದ ಅಂಗಿಯ ಸಭ್ಯ ಮನುಷ್ಯ. ಕೇಳುವ ಮೊದಲೇ ತಮ್ಮ ಮೂರು ಪ್ರೇಮಭಂಗಗಳನ್ನು ಅನುಕ್ರಮವಾಗಿ ಹೇಳಲು ಕುಳಿತರು. ಮೊದಲನೆಯವಳು ಬೇರೆ ಊರಿಗೆ ಹೋಗುವವಳಿದ್ದಳಂತೆ. ಹಿಂದಿನ ರಾತ್ರಿ ಏನೋ ಮಾತನಾಡಬೇಕು ಎಂದಿದ್ದಳಂತೆ. ‘ಬೆಳಿಗ್ಗೆ ಎದ್ದು ನೋಡಿದರೆ ಹೊರಟೇ ಹೋಗಿದ್ದಳು!’ ಎಂದು ಅಂಗೈ ಬಿಡಿಸಿ ತೋರಿಸಿದರು. ಎರಡನೆಯವಳದು ಹುಟ್ಟುಹಬ್ಬದ ರಗಳೆ. ಆ ದಿನ ಮಧ್ಯಾಹ್ನ ಇವರಿಗೆ ಸ್ವಲ್ಪ ಕಣ್ಣು ಹತ್ತಿತ್ತು, ಅಷ್ಟೇ. ಎಚ್ಚರವಾದಾಗ ಹೊರಗೆ ಕತ್ತಲು, ಮೊಬೈಲಿನ ತುಂಬ ಅವಳ ಕರೆಗಳು. ಮೂರನೆಯವಳು ಬಾಗಿಲ ಮುಂದೆ ನಿಂತು ಅರ್ಧ ತಾಸು ಕರೆಗಂಟೆ ಒತ್ತಿ, ಕೈಯಲ್ಲಿದ್ದ ಹೂಗಳನ್ನು ಮೆಟ್ಟಿಲ ಮೇಲಿಟ್ಟು ಹೋದವಳು ಮತ್ತೆ ಬರಲಿಲ್ಲ.

‘ಇಷ್ಟಕ್ಕೇ ಯಾರಾದರೂ ಸಂಬಂಧ ಕಡಿದುಕೊಳ್ಳುತ್ತಾರೆಯೇ, ನೀವೇ ಹೇಳಿ’ ಎಂದರು.

‘ನೀವು ಆಗ ಊರಲ್ಲಿರಲಿಲ್ಲವೇ?’

‘ಮನೆಯಲ್ಲೇ ಇದ್ದೆ. ಒಳಗಡೆ.’ ಸ್ವಲ್ಪ ತಡೆದು, ‘ಸ್ವಲ್ಪ ಮಲಗಿದ್ದೆ’ ಎಂದರು.

ಈಗ ಹೊಳೆಯುತ್ತದೆ, ಇನ್ನೇನು ಹೊಳೆಯುತ್ತದೆ ಎಂದು ನಾನು ಅವರ ಮುಖವನ್ನೇ ನೋಡುತ್ತಿದ್ದೆ. ‘ನನಗೆ ಸಿಗುವವರೆಲ್ಲ ಯಾಕೋ ಬಹಳ ಅವಸರದವರು’ ಎಂದು ಅವರು ತೀರ್ಪು ಕೊಟ್ಟರು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, ಬಹಳ ಸಭ್ಯವಾಗಿ, ಆಕಳಿಸಿದರು.

ಎಡ್ವರ್ಡ್ ಜೋನ್ಸ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು 1971ರಲ್ಲಿ ಒಂದು ವಾದ ಮುಂದಿಟ್ಟರು. ನಮ್ಮ ನಡತೆಗೆ ನಾವು ಸನ್ನಿವೇಶವನ್ನು ಕಾರಣವಾಗಿ ಕೊಡುತ್ತೇವೆ, ಇನ್ನೊಬ್ಬರ ನಡತೆಗೆ ಅವರ ಸ್ವಭಾವವನ್ನು. ಇದು ಎಲ್ಲ ಕಡೆ ಸಲ್ಲುವ ಮಾತಲ್ಲ ಎಂದು ಮುಂದೆ, 2006ರಲ್ಲಿ, ಹಳೆಯ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ ನೋಡಿದ ವಿಶ್ಲೇಷಣೆಯೊಂದು ತಕರಾರು ತೆಗೆಯಿತು. ಆದರೆ ಕೆಟ್ಟ ಘಟನೆಗಳ ಮಟ್ಟಿಗೆ ಆ ವಾದ ನಿಲ್ಲುತ್ತದೆ ಎಂದು ಅದೂ ಒಪ್ಪಿತು. ಪ್ರೇಮಭಂಗಕ್ಕಿಂತ ಕೆಟ್ಟ ಘಟನೆ ಇನ್ನೇನಿದೆ? ಅವಳು ಹೋದದ್ದು ಅವಳ ಅವಸರದ ಬುದ್ಧಿಯಿಂದ, ಇವರು ಮಲಗಿದ್ದು ಆ ದಿನದ ಆಯಾಸದಿಂದ. ಮೂರು ಬೇರೆ ಬೇರೆ ವರ್ಷಗಳಲ್ಲಿ ಅದೇ ಒಂದು ದಿನದ ಆಯಾಸ.

ಲೆಕ್ಕದ ಗೆಳತಿಗೆ ಇದನ್ನು ಹೇಳಿದರೆ, ನಿದ್ದೆಯಾದರೂ ಪರವಾಗಿಲ್ಲ, ಹಿಂದೆ ಮೋಸ ಮಾಡಿದ್ದಾರೆಯೇ ಅದನ್ನು ಕೇಳು ಎಂದಳು. ಅವಳ ಕೈಯಲ್ಲಿ ಒಂದು ಅಧ್ಯಯನವಿದೆ. 2017ರಲ್ಲಿ ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದವರು ಪ್ರಕಟಿಸಿದ್ದು. ಮದುವೆಯಾಗದ 484 ಜನರನ್ನು ಒಂದು ಸಂಬಂಧದಿಂದ ಮುಂದಿನ ಸಂಬಂಧದವರೆಗೂ ಹಿಂಬಾಲಿಸಿದಾಗ, ಮೊದಲ ಸಂಬಂಧದಲ್ಲಿ ಸಂಗಾತಿಗೆ ಮೋಸ ಮಾಡಿದ್ದೇವೆ ಎಂದವರು ಮುಂದಿನದರಲ್ಲೂ ಹಾಗೆ ಮಾಡುವ ಸಾಧ್ಯತೆ ಉಳಿದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚೆಂದು ಕಂಡಿತು. ಗೆಳತಿ ‘ಮೂರು ಪಟ್ಟು’ ಎಂಬಲ್ಲಿಗೆ ಓದುವುದನ್ನು ನಿಲ್ಲಿಸಿಬಿಡುತ್ತಾಳೆ. ಹಾಗೆ ಒಮ್ಮೆ ತಪ್ಪಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎರಡನೆಯ ಸಲ ತಪ್ಪಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ. ಎದುರಿಗೆ ಕುಳಿತವರು ಯಾವ ಅರ್ಧದವರು ಎಂದು ತಿಳಿಯುವುದು ಹೇಗೆ ಎಂದರೆ, ‘ನೇರವಾಗಿ ಕೇಳುತ್ತೇನೆ’ ಎನ್ನುತ್ತಾಳೆ. ಕೇಳಿಯೂ ಇದ್ದಾಳೆ. ಮಾಣಿ ನೀರು ತಂದಿಡುವಷ್ಟರಲ್ಲಿ ಆ ಮನುಷ್ಯ ಎದ್ದು ಹೋಗಿದ್ದನಂತೆ. ಆತ ಯಾವ ಅರ್ಧದವನೆಂದು ಇಂದಿಗೂ ಇತ್ಯರ್ಥವಾಗಿಲ್ಲ.

ನನಗೆ ಬಾಯಿಮಾತಿಗಿಂತ ಹೆಚ್ಚು ಮಾಹಿತಿ ಸಿಕ್ಕಿದ್ದು ಒಂದು ಟಿವಿಯಿಂದ. ಆಗ ಪರಿಚಯವಾಗಿದ್ದವರು ‘ಬೇಕಾದ್ದನ್ನು ನೋಡಿ’ ಎಂದು ತಮ್ಮ ಚಲನಚಿತ್ರ ಖಾತೆಯ ಪಾಸ್‌ವರ್ಡ್ ಕೊಟ್ಟಿದ್ದರು. ಪಾಸ್‌ವರ್ಡ್ ಕೊಡುವುದೆಂದರೆ ಮನಸ್ಸಿನ ಒಂದು ಬೀಗದ ಕೈ ಕೊಟ್ಟ ಹಾಗೆಯೇ ಎಂದು ಹಿಗ್ಗಿ ತೆರೆದರೆ ಪರದೆಯ ಮೇಲೆ ಮೂರು ಮುಖಗಳು ಮೂಡಿದವು. ಒಂದು ಇವರ ಹೆಸರಿನದು. ಇನ್ನೊಂದು ಒಬ್ಬ ಹೆಣ್ಣುಮಗಳದು, ಹೆಸರಿನ ಪಕ್ಕದಲ್ಲಿ ಪುಟ್ಟ ಸೂರ್ಯಕಾಂತಿ. ಮೂರನೆಯದರ ಕೆಳಗೆ ‘ಅತಿಥಿ’ ಎಂದಿತ್ತು. ನನಗೆ ಮೀಸಲಾದ ಜಾಗ ಯಾವುದೆಂದು ಯಾರೂ ಹೇಳಬೇಕಾಗಲಿಲ್ಲ.

‘ಅದು ಹಳೆಯದು, ಅಳಿಸುವುದು ಮರೆತುಹೋಗಿದೆ’ ಎಂದರು. ಇರಬಹುದು. ಆದರೆ ಸೂರ್ಯಕಾಂತಿ ಅಂದಿನವರೆಗೂ ನಳನಳಿಸುತ್ತಿತ್ತು. ಹಿಂದಿನ ರಾತ್ರಿಯಷ್ಟೇ ಆಕೆ ಒಂದು ಕೊಲೆ ಧಾರಾವಾಹಿಯ ಆರನೆಯ ಕಂತನ್ನು ಅರ್ಧಕ್ಕೆ ನಿಲ್ಲಿಸಿ ಮಲಗಿದ್ದಳು. ತಡೆಯಲಾರದೆ ನಾನೂ ಅತಿಥಿಯ ಪಾಲಿನಲ್ಲಿ ಅದನ್ನೇ ಶುರು ಮಾಡಿದೆ. ವಾರ ಕಳೆಯುವಷ್ಟರಲ್ಲಿ ಅವಳು ಎಷ್ಟು ಹೊತ್ತಿಗೆ ಮಲಗುತ್ತಾಳೆ, ಯಾವ ದಿನ ಕೆಲಸ ಹೆಚ್ಚು, ಯಾವ ದಿನ ಮನಸ್ಸು ಸರಿಯಿಲ್ಲದೆ ಹಳೆಯ ಹಾಸ್ಯ ಚಿತ್ರಕ್ಕೆ ಮೊರೆಹೋಗುತ್ತಾಳೆ ಎಂಬುದೆಲ್ಲ ನನಗೆ ಕರತಲಾಮಲಕವಾಯಿತು. ಅವರ ಬಗ್ಗೆ? ಅವರು ಯಾವುದನ್ನೂ ಪೂರ್ತಿ ನೋಡುವವರಲ್ಲ ಎಂಬುದೊಂದು ಮಾತ್ರ ತಿಳಿಯಿತು. ಎಲ್ಲ ಚಿತ್ರಗಳ ಕೆಳಗೂ ಕಾಲು ಭಾಗಕ್ಕೆ ಬಂದು ನಿಂತ ಕೆಂಪು ಗೆರೆ. ನಾವಿಬ್ಬರು ಹೆಂಗಸರು ಮಾತ್ರ ಹತ್ತೂ ಕಂತು ಮುಗಿಸಿದೆವು.

ಹೆಸರು ತಪ್ಪಿ ಕರೆಯುವ ವಿಚಾರದಲ್ಲಿ ನಾನು ಉದಾರಿ. ಎಷ್ಟೋ ಜನ ಅದೊಂದಕ್ಕೇ ಬಾಗಿಲು ಹಾಕಿಕೊಳ್ಳುತ್ತಾರೆ. ನಾಲಿಗೆ ತಪ್ಪಿ ಹಳೆಯ ಹೆಸರು ಬಂತೆಂದರೆ ಮನಸ್ಸಿನ ಗುಟ್ಟು ರಟ್ಟಾಯಿತೆಂದೇ ತಿಳಿಯುತ್ತಾರೆ. ಅಷ್ಟೇನೂ ಇಲ್ಲ. ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 1,700ಕ್ಕೂ ಹೆಚ್ಚು ಜನರ ಅನುಭವ ಕೇಳಿ 2016ರಲ್ಲಿ ಪ್ರಕಟಿಸಿದ್ದರ ಪ್ರಕಾರ, ತಪ್ಪು ಹೆಸರು ಸಾಮಾನ್ಯವಾಗಿ ಅದೇ ಬಳಗದೊಳಗಿಂದಲೇ ಬರುತ್ತದೆ. ಗೆಳೆಯನಿಗೆ ಗೆಳೆಯನ ಹೆಸರು, ಮಗಳಿಗೆ ಮಗನ ಹೆಸರು, ಮನೆಯವರನ್ನು ಕರೆಯುವಾಗ ಕೆಲವೊಮ್ಮೆ ನಾಯಿಯ ಹೆಸರೂ. ಮನಸ್ಸು ಬೇಕಾದವರನ್ನೆಲ್ಲ ಒಂದೇ ಗೂಡಿನಲ್ಲಿ ತುಂಬಿಟ್ಟಿರುತ್ತದೆ, ಕೈ ಹಾಕಿದಾಗ ಪಕ್ಕದ್ದು ಬರುತ್ತದೆ. ಹಾಗಾಗಿ ಒಬ್ಬರು ನನ್ನನ್ನು ಸತತವಾಗಿ ತಮ್ಮ ನಾಯಿಯ ಹೆಸರಿನಿಂದ ಕರೆದಾಗ ನಾನು ಅದನ್ನು ಬಡ್ತಿಯೆಂದೇ ಪರಿಗಣಿಸಿದೆ. ತೊಂದರೆಯಾದದ್ದು ನಾಯಿಗೆ. ಆ ಹೆಸರು ಕೇಳಿದಾಗಲೆಲ್ಲ ಅದು ಓಡಿ ಬಂದು, ತನ್ನನ್ನಲ್ಲ ಎಂದು ಗೊತ್ತಾಗಿ, ನನ್ನನ್ನು ದುರುಗುಟ್ಟಿ ನೋಡಿ ಹೋಗುತ್ತಿತ್ತು.

ಈಚೆಗೆ ಹೊಸದೊಂದು ತಳಿ ಬಂದಿದೆ. ಇವರು ಹಳೆಯ ಗೆಳತಿಯನ್ನು ಬೈಯುವುದಿಲ್ಲ, ಅವಳಿಗೆ ರೋಗ ನಿರ್ಣಯ ಮಾಡುತ್ತಾರೆ. ‘ಅವಳದು ಅವಾಯ್ಡೆಂಟ್ ಅಟ್ಯಾಚ್‌ಮೆಂಟ್’, ಅಂದರೆ ಹತ್ತಿರವಾದರೆ ದೂರ ಸರಿಯುವ ಸ್ವಭಾವ, ಎಂದು ಒಬ್ಬರು ತೂಕದ ದನಿಯಲ್ಲಿ ಹೇಳಿದರು. ಅದಕ್ಕೂ ಮೊದಲಿನವಳು ನಾರ್ಸಿಸಿಸ್ಟ್, ತನ್ನ ಮೇಲೆ ತನಗೇ ಮೋಹವಿರುವವಳು. ವೈದ್ಯರೇನೋ ಎಂದುಕೊಂಡೆ. ವಿಮಾ ಏಜೆಂಟರು. ಮಾತು ಸಾಗುತ್ತಿರುವಾಗ ಮೇಜಿನ ಮೇಲಿದ್ದ ಅವರ ಮೊಬೈಲ್ ಬೆಳಗಿತು, ಆ ಅವಾಯ್ಡೆಂಟ್ ರೋಗಿಯದೇ ಹೆಸರು. ಅವರು ಕೈಯಿಂದ ಅದನ್ನು ಮುಚ್ಚಿದರು. ಆಮೇಲೆ ಬೋರಲು ಹಾಕಿದರು. ಆಮೇಲೆ ತೊಡೆಯ ಕೆಳಗಿಟ್ಟು ಅದರ ಮೇಲೆ ಕುಳಿತರು. ಅದು ಅಲ್ಲಿಂದಲೇ ಗುಂಯ್‌ಗುಡುತ್ತಿತ್ತು, ಇವರು ಏನೂ ಆಗದವರಂತೆ ನನ್ನ ಹವ್ಯಾಸಗಳ ಬಗ್ಗೆ ವಿಚಾರಿಸುತ್ತಿದ್ದರು.

ಅವರು ಹಿಡಿದುಕೊಂಡ ಆ ಅಟ್ಯಾಚ್‌ಮೆಂಟ್ ಸಿದ್ಧಾಂತದ ಬೇರು ಇರುವುದು ಮಕ್ಕಳ ಅಧ್ಯಯನದಲ್ಲಿ. ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಒಂದು ವರ್ಷದ ಆಸುಪಾಸಿನ ಕೂಸುಗಳನ್ನು ಅಪರಿಚಿತ ಕೋಣೆಯಲ್ಲಿ ಬಿಟ್ಟು, ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸಿ ಗಮನಿಸಿದರು. ಬಹುಮಟ್ಟಿಗೆ ಗುಟ್ಟು ತಿಳಿಯುತ್ತಿದ್ದುದು ತಾಯಿ ಹೋದಾಗಿನ ಅಳುವಿನಿಂದಲ್ಲ, ಅವಳು ಮರಳಿ ಬಂದಾಗ ಕೂಸು ಏನು ಮಾಡುತ್ತದೆ ಎಂಬುದರಿಂದ. 1987ರಲ್ಲಿ ಸಿಂಡಿ ಹೇಝನ್ ಮತ್ತು ಫಿಲಿಪ್ ಶೇವರ್ ಇದನ್ನೇ ದೊಡ್ಡವರ ಪ್ರೇಮಕ್ಕೆ ಅನ್ವಯಿಸಿದರು. ನಾನು ಅದನ್ನು ಮೇಜಿನ ಮೇಲಿನ ಮೊಬೈಲಿಗೆ ಅನ್ವಯಿಸುತ್ತೇನೆ, ಅವರ ಅನುಮತಿಯಿಲ್ಲದೆ. ಹೋದವಳ ಬಗ್ಗೆ ಯಾರು ಏನು ಬೇಕಾದರೂ ಹೇಳಬಹುದು. ಹೋದವಳು ಕರೆ ಮಾಡಿದಾಗ ಕೈ ಏನು ಮಾಡುತ್ತದೆ? ಒಬ್ಬರಿಗೆ ನನ್ನೆದುರೇ ಅಂಥ ಕರೆ ಬಂತು. ‘ಹೇಳು. ಆ ಕಾಗದಗಳು ಕಪಾಟಿನ ಎರಡನೆಯ ಸಾಲಿನಲ್ಲಿವೆ, ನೀಲಿ ಫೈಲು. ಇಲ್ಲ, ನೀಲಿ. ಸರಿ’ ಎಂದು ಇಟ್ಟು, ನನ್ನ ಜತೆ ಬಿಟ್ಟ ವಾಕ್ಯವನ್ನು ಬಿಟ್ಟ ಕಡೆಯಿಂದಲೇ ಎತ್ತಿಕೊಂಡರು. ಅವರ ಸಂಬಂಧದ ಇತಿಹಾಸವನ್ನು ಅಂದು ನಾನು ಒಂದಕ್ಷರವೂ ಕೇಳಲಿಲ್ಲ. ಕೇಳುವ ಅಗತ್ಯ ಕಾಣಲಿಲ್ಲ.

ಆ ನೀಲಿ ಫೈಲಿನವರೊಡನೆಯೂ ಒಂದು ಜಗಳ ಆಗದೆ ಇರಲಿಲ್ಲ. ಮುಂದೊಂದು ದಿನ ಅವರಾಗಿಯೇ ಆಕೆಯ ಬಗ್ಗೆ ಹೇಳಿದರು. ಒಳ್ಳೆಯವಳು, ಆದರೆ ದಾರಿ ಗೊತ್ತಿಲ್ಲದಿದ್ದರೂ ಗೊತ್ತೆಂದು ಮುಂದೆ ನಡೆಯುವವಳು ಎಂದರು. ‘ಆತ್ಮವಿಶ್ವಾಸ ಇದ್ದರೆ ತಪ್ಪೇ?’ ಎಂದೆ. ಬೇರೆಯವರು ಕತೆ ಹೇಳುವಾಗ ನಡುವೆ ಬಾಯಿ ಹಾಕಿ ತಿದ್ದುತ್ತಿದ್ದಳು ಎಂದರು. ‘ತಪ್ಪು ಹೇಳಿದರೆ ತಿದ್ದದೆ ಇರುವುದು ಹೇಗೆ?’ ಎಂದೆ. ಚಿತ್ರ ನೋಡುವಾಗ ಕೊನೆ ಏನೆಂದು ಮೊದಲೇ ಹೇಳಿಬಿಡುತ್ತಿದ್ದಳು ಎಂದಾಗ ನನಗೆ ಸಿಟ್ಟೇ ಬಂತು. ಕಂಡು ಕೇಳರಿಯದ ಹೆಂಗಸಿನ ಪರವಾಗಿ ಅರ್ಧ ಗಂಟೆ ವಕಾಲತ್ತು ಮಾಡಿದೆ. ಅವರು ನನ್ನ ಮುಖವನ್ನು ವಿಚಿತ್ರವಾಗಿ ನೋಡಿ ನಗತೊಡಗಿದರು. ಟೊರೊಂಟೊ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2019ರಲ್ಲಿ, ಜರ್ಮನಿಯ ದೀರ್ಘ ಸಮೀಕ್ಷೆಯೊಂದರಿಂದ 332 ಜನರ ಹಿಂದಿನ ಮತ್ತು ಈಗಿನ ಸಂಗಾತಿಗಳು ತಮ್ಮ ತಮ್ಮ ಸ್ವಭಾವದ ಬಗ್ಗೆ ಕೊಟ್ಟ ಉತ್ತರಗಳನ್ನು ಹೋಲಿಸಿ ನೋಡಿ, ಹೊಸಬರಿಗೂ ಹಳಬರಿಗೂ ಸಾಕಷ್ಟು ಹೋಲಿಕೆ ಇರುತ್ತದೆ ಎಂದಿದ್ದಾರೆ. ಹಳೆಯ ಗೆಳತಿಯ ದೋಷಪಟ್ಟಿಯನ್ನು ಗಮನವಿಟ್ಟು ಕೇಳಬೇಕಾದ್ದು ಅದಕ್ಕೇ. ನಮ್ಮ ಬಗ್ಗೆ ನಮ್ಮ ಎದುರಿಗೇ ಅಷ್ಟು ನಿರ್ಭಿಡೆಯಿಂದ ಬೇರೆ ಯಾರೂ ಮಾತನಾಡುವುದಿಲ್ಲ.

ಇನ್ನು ನನ್ನ ಸರದಿ. ಇಲ್ಲಿ ನಾನು ವಿಜ್ಞಾನವನ್ನು ನಂಬಿ ನಡೆಯುತ್ತೇನೆ. ಇನ್ನೊಬ್ಬರ ಗುಣಗಳನ್ನು ನಾವು ವರ್ಣಿಸುವಾಗ ಕೇಳುವವರು ತಮಗರಿಯದೆ ಅವೇ ಗುಣಗಳನ್ನು ನಮಗೂ ಅಂಟಿಸಿಬಿಡುತ್ತಾರೆ ಎಂದು 1998ರಲ್ಲಿ ಜಾನ್ ಸ್ಕೊರಾನ್ಸ್ಕಿ ಮತ್ತು ಸಂಗಡಿಗರು ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಹಳೆಯ ಗೆಳೆಯ ಜಿಪುಣ ಎಂದು ನೀವು ಹೇಳಿದರೆ ಎದುರಿನವರ ನೆನಪಿನಲ್ಲಿ ಜಿಪುಣರಾಗಿ ಉಳಿಯುವ ಅಪಾಯ ನಿಮ್ಮದು. ಇದನ್ನು ಓದಿದ ಮೇಲೆ ನನ್ನ ಹಳೆಯ ಗೆಳೆಯನ ಸ್ವಭಾವದಲ್ಲಿ ಭಾರಿ ಸುಧಾರಣೆಯಾಗಿದೆ. ಆತ ಈಗ ಸಮಯಪಾಲಕ, ಕರುಣಾಳು, ಮಾತಿಗೆ ತಪ್ಪದವನು, ಗಿಡಗಳಿಗೆ ತಾನಾಗಿಯೇ ನೀರು ಹಾಕುವವನು.

ನೀಲಿ ಫೈಲಿನವರಿಗೂ ಹೀಗೆಯೇ ವರ್ಣಿಸಿದೆ. ತದೇಕಚಿತ್ತದಿಂದ ಕೇಳಿದರು. ಅಷ್ಟು ಒಳ್ಳೆಯವರನ್ನು ಯಾಕೆ ಬಿಟ್ಟಿರಿ ಎಂದು ಕೇಳುತ್ತಾರೆ ಎಂದುಕೊಂಡು ಉತ್ತರ ಸಿದ್ಧಮಾಡಿಟ್ಟುಕೊಂಡಿದ್ದೆ. ಕೇಳಲಿಲ್ಲ.

‘ಬಹಳ ಒಳ್ಳೆಯ ಮನುಷ್ಯ ಅನ್ನಿಸುತ್ತಾರೆ’ ಎಂದರು. ‘ನನ್ನ ತಂಗಿಗೆ ಪರಿಚಯ ಮಾಡಿಸಿದರೆ ಹೇಗೆ? ಅವರ ನಂಬರ್ ಇದೆಯೇ?’

ನಾನು ಮೊಬೈಲ್ ತೆಗೆಯಲೂ ಇಲ್ಲ, ನಂಬರ್ ಬಾಯಿಪಾಠವಾಗಿತ್ತು. ಹೇಳಿದೆ. ಅವರು ಬರೆದುಕೊಳ್ಳಲಿಲ್ಲ, ಸುಮ್ಮನೆ ನನ್ನನ್ನೇ ನೋಡಿದರು.